ಪಡುವಣ ಗೋಡೆಯ ಬೆಳಕು

ಕೆಂಗೇರಿ ದಾಟುವವರೆಗೂ ಅಂಬುಜಾ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಒಂದೇ ಮಾತನ್ನು ಮನಸ್ಸಿನಲ್ಲೇ ತಿದ್ದಿ ತೀಡುತ್ತಿದ್ದಳು. ‘ಜಾಗವೇನೋ ಚೆನ್ನಾಗಿದೆ, ಆದರೆ ಫೋಟೋಗೆ ಬೆಳಕು ಸರಿಯಿಲ್ಲ.’ ಇಷ್ಟು ಹೇಳಿದರೆ ಸಾಕು. ಮದುವೆ ಮನೆಯವರು ಅಡುಗೆಯವರ ಮಾತಿಗೆ ಎದುರಾಡುತ್ತಾರೆ, ಪುರೋಹಿತರ ಮಾತಿಗೂ ಎದುರಾಡುತ್ತಾರೆ. ಬೆಳಕಿನ ವಿಷಯದಲ್ಲಿ ಅಂಬುಜಾ ಹೇಳಿದ್ದಕ್ಕೆ ಈವರೆಗೆ ಯಾರೂ ಎದುರಾಡಿರಲಿಲ್ಲ.

ಕಾರು ಓಡಿಸುತ್ತಿದ್ದವಳು ಮದುವೆಯ ಹುಡುಗಿ ಗಗನಾ. ವಿಜಯನಗರದ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಾಳೆ. ಅವಳ ಪಕ್ಕದಲ್ಲಿ ತಾಯಿ ರಾಗಿಣಿ. ಹಿಂದೆ ಅಂಬುಜಾಳ ಜೊತೆ, ಬೇಡವೆಂದರೂ ಹೊರಟುಬಂದ ಅಜ್ಜಿ ನರಸಮ್ಮ. ಗಗನಾಳ ಅಕ್ಕನ ಮದುವೆಯ ಫೋಟೋ ತೆಗೆದವಳು ಅಂಬುಜಾಳೇ. ಆ ಆಲ್ಬಮ್ಮು ಇವತ್ತಿಗೂ ರಾಗಿಣಿಯ ಮನೆಯ ಟೀಪಾಯಿಯ ಮೇಲೆ ಇರುತ್ತದೆ, ಬಂದವರಿಗೆಲ್ಲ ಕಾಫಿಗಿಂತ ಮೊದಲು ಅದು ಸಿಗುತ್ತದೆ. ಈ ಮದುವೆಗೆ ಎರಡು ಜಾಗ ನೋಡಿದ್ದರು. ಒಂದು ರಾಜಾಜಿನಗರದ ಕಲ್ಯಾಣ ಮಂಟಪ. ಇನ್ನೊಂದು ಕೆಂಗೇರಿಯಿಂದಾಚೆ, ಯಾರೋ ಹಳೆಯ ಛತ್ರವೊಂದನ್ನು ಅದರ ಕಲ್ಯಾಣಿಯ ಸಮೇತ ರಿಪೇರಿ ಮಾಡಿಸಿ ಮದುವೆಗಳಿಗೆ ಕೊಡುತ್ತಿದ್ದ ಜಾಗ. ಗಗನಾಳ ಮನಸ್ಸೆಲ್ಲ ಕಲ್ಯಾಣಿಯ ಮೇಲೆ.

“ಆಂಟಿ, ನೀವು ಯಾವುದು ಅಂತೀರೋ ಅದೇ ಫೈನಲ್. ಆದ್ರೆ ನೀವು ಕಲ್ಯಾಣಿ ಅಂತಾನೇ ಅನ್ಬೇಕು,” ಎಂದಳು ಗಗನಾ.

“ಇದ್ಯಾವ ಕೇಳೋ ಪದ್ಧತಿನೇ? ತೀರ್ಪು ಬರೆದಿಟ್ಟು ಜಡ್ಜ್‌ನ ಕರ್ಕೊಂಡು ಹೋದಂಗೆ,” ಎಂದರು ನರಸಮ್ಮ.

ಅಂಬುಜಾ ನಕ್ಕಳು. ಕಲ್ಯಾಣಿ ಎಂದರೆ ಮೆಟ್ಟಿಲು. ಆ ಮಾತು ಕಿವಿಗೆ ಬಿದ್ದ ದಿನದಿಂದ ಅವಳಿಗೆ ನಿದ್ದೆ ಸರಿಯಾಗಿರಲಿಲ್ಲ.

ಮೊದಮೊದಲು ಎಡವಿದಾಗಲೆಲ್ಲ ಅವಳು ಅದನ್ನು ಅವಸರ ಅಂದುಕೊಂಡಿದ್ದಳು. ಟೀಪಾಯಿಯ ಅಂಚು ಮೊಣಕಾಲಿಗೆ ತಾಗುವುದು, ಕೆಳಗಿಟ್ಟ ಚೆಂಬು ಒದೆಯುವುದು. ಆಮೇಲೆ ನಾಗರಬಾವಿಯ ಒಂದು ಆರತಕ್ಷತೆಯಲ್ಲಿ ಹಿಂದೆ ಸರಿಯುತ್ತ ಸರಿಯುತ್ತ ನೆಲದ ಮೇಲೆ ಆಡುತ್ತಿದ್ದ ಮಗುವಿನ ಬೆರಳನ್ನು ತುಳಿದಳು. ಮಗು ಚೀರಿದಾಗ ಅದರ ತಾಯಿ ಮಗುವನ್ನೇ ಗದರಿದಳು, “ಫೋಟೋದವರ ಕಾಲಿಗೆ ಸಿಗ್ತೀಯಲ್ಲೋ” ಅಂತ. ಮರುವಾರ ಅಂಬುಜಾ ಯಾರಿಗೂ ಹೇಳದೆ ಕಣ್ಣಿನ ಆಸ್ಪತ್ರೆಗೆ ಹೋದಳು. ಅಲ್ಲಿ ಒಂದು ಬಿಳಿ ಬೋಗುಣಿಯಂಥ ಯಂತ್ರದೊಳಗೆ ಗಲ್ಲ ಇಡಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಿ ಅಂದರು. ಇಷ್ಟು ವರ್ಷ ಗುಂಡಿ ಒತ್ತಿಯೇ ಬದುಕಿದ ಬೆರಳು. ಅದು ತನ್ನ ಲಯದಲ್ಲಿ ಒತ್ತುತ್ತ ಹೋಯಿತು.

“ಇಲ್ಲದ ಚುಕ್ಕೆಗೂ ಒತ್ತಿದೀರಲ್ಲ,” ಎಂದು ಡಾಕ್ಟರು ಇನ್ನೊಮ್ಮೆ ಮಾಡಿಸಿದರು. ಎರಡು ಕಣ್ಣಲ್ಲೂ ನೋಟದ ಕೆಳಗಿನ ಭಾಗ ಹೋಗಿತ್ತು, ಎಡಕ್ಕೆ ಹೆಚ್ಚು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ಹನಿ ಹಾಕಿಕೊಳ್ಳಬೇಕು. ಹೋದ ಜಾಗದಲ್ಲಿ ಕಪ್ಪು ಕಾಣುವುದಿಲ್ಲ ಎನ್ನುವುದೇ ಅವಳನ್ನು ಹೆಚ್ಚು ಹೆದರಿಸಿದ್ದು. ಕಪ್ಪಗಿದ್ದರೆ ಇಲ್ಲವೆಂದಾದರೂ ತಿಳಿಯುತ್ತದೆ. ಇದು ಹಾಗಲ್ಲ, ಮನಸ್ಸೇ ಆ ಜಾಗಕ್ಕೆ ಒಂದಿಷ್ಟು ನೆಲ ತುಂಬಿಬಿಡುತ್ತದೆ.

ಬಸವೇಶ್ವರನಗರದ ಮನೆಯಲ್ಲಿ ಗಂಡ ಪದ್ಮನಾಭನಿಗೂ ಅವಳು ಹೇಳಿರಲಿಲ್ಲ. ಕೆಟ್ಟವನಲ್ಲ. ಆದರೆ ಹೇಳಿದ ಸಂಜೆಯೇ ಅವಳ ಸ್ಕೂಟರಿನ ಕೀಲಿ ಅವನ ಜೇಬು ಸೇರುತ್ತದೆ, ಮರುದಿನ ಕ್ಯಾಮೆರಾ ಅಲ್ಮೆರಾ ಸೇರುತ್ತದೆ, ಎಲ್ಲವೂ ಪ್ರೀತಿಯಿಂದಲೇ. ಕಣ್ಣಿನ ಹನಿಯ ಬಾಟಲಿಯನ್ನು ಅವಳು ಲೆನ್ಸ್ ಒರೆಸುವ ಬಟ್ಟೆಯೊಳಗೆ ಸುತ್ತಿಡುತ್ತಿದ್ದಳು.

ರಾಜಾಜಿನಗರದ ಮಂಟಪವನ್ನು ಅವಳು ಹೆಜ್ಜೆ ಹೆಜ್ಜೆಯಾಗಿ ಬಲ್ಲಳು. ಸಮ ನೆಲ, ಎಲ್ಲ ಕಡೆ ಒಂದೇ ಸಮನೆ ಸುರಿಯುವ ದೀಪ. ಅಲ್ಲಾದರೆ ಈ ಮದುವೆ ದಾಟಬಹುದು. ಇದೊಂದು ದಾಟಿದರೆ ಮುಂದಿನದು ನೋಡಿದರಾಯಿತು.

ಕಾರು ನಿಂತಿತು. ಜಾಗ ನೋಡುವುದಾದರೆ ಮುಹೂರ್ತದ ಹೊತ್ತಿಗೇ ನೋಡಬೇಕೆಂಬುದು ಅಂಬುಜಾಳ ಹಳೆಯ ಪಟ್ಟು. ಮಧ್ಯಾಹ್ನ ನೋಡಿ ಒಪ್ಪಿದ ಜಾಗ ಬೆಳಿಗ್ಗೆ ಬೇರೆಯದೇ ಜಾಗವಾಗಿರುತ್ತದೆ. ಆ ಪಟ್ಟಿನಂತೆಯೇ ರಾಗಿಣಿ ತಿಂಡಿಯನ್ನು ಡಬ್ಬಿಗೆ ತುಂಬಿಕೊಂಡು ಎಲ್ಲರನ್ನೂ ಎಳೆಬಿಸಿಲಿಗೇ ಹೊರಡಿಸಿದ್ದಳು.

ಕಲ್ಯಾಣಿ ನೋಡಿದ ಕೂಡಲೇ ಅಂಬುಜಾಳ ಎದೆ ಕುಸಿಯಿತು. ಅಷ್ಟು ಚೆನ್ನಾಗಿತ್ತು. ಮೂಡಣ ದಂಡೆಯ ಮೇಲೆ ಕಲ್ಲಿನ ಜಗಲಿ, ಅದರ ಎರಡು ಮೂಲೆಯಲ್ಲಿ ಕಂಬ. ಜಗಲಿಯ ಅಂಚಿನಿಂದ ನೀರಿನವರೆಗೆ ಮೆಟ್ಟಿಲು. ನೀರಿನ ಆಚೆ, ಪಡುವಣಕ್ಕೆ, ಆಳೆತ್ತರಕ್ಕೂ ಮೀರಿದ ಒಂದು ಉದ್ದನೆಯ ಗೋಡೆ. ಯಾರೋ ಪುಣ್ಯಾತ್ಮರು ಅದಕ್ಕೆ ಬರೀ ಸುಣ್ಣ ಹೊಡೆದು ಬಿಟ್ಟಿದ್ದರು. ಬೆಳಗಿನ ಬಿಸಿಲು ನೇರ ಅದಕ್ಕೆ ಬಡಿದು, ಹಾಲು ಉಕ್ಕಿದ ಹಾಗೆ ಈಚೆಗೆ ಮರಳುತ್ತಿತ್ತು.

ಧಾರೆಯ ಹೊತ್ತಿಗೆ ಗಂಡು ಮೂಡಣಕ್ಕೆ ಮುಖ ಮಾಡಿ ನಿಲ್ಲುತ್ತಾನೆ, ಹೆಣ್ಣು ಪಡುವಣಕ್ಕೆ. ಬಯಲಿನಲ್ಲಿ ಬೆಳಗಿನ ಮುಹೂರ್ತವಾದರೆ ಸೂರ್ಯನೆಲ್ಲ ಗಂಡಿನ ಪಾಲು. ಹೆಣ್ಣಿಗೆ ಬೆನ್ನು ಬಿಸಿಲು, ಮುಖ ಕತ್ತಲೆ. ಅಂತರಪಟ ಸರಿದು ಜೀರಿಗೆ-ಬೆಲ್ಲ ಎರಚುವ ಆ ಒಂದು ಗಳಿಗೆಗಾಗಿ ಎಷ್ಟೋ ಬಯಲು ಮಂಟಪಗಳನ್ನು ಅಂಬುಜಾ ಬೇಡವೆಂದಿದ್ದಳು. ಇಲ್ಲಿ ಮಾತ್ರ ಆ ಗೋಡೆ ಇತ್ತು. ಇಂಥದ್ದೊಂದು ಗೋಡೆಯನ್ನು ಅವಳು ಇಷ್ಟು ವರ್ಷ ಹುಡುಕಿದ್ದಳು ಎಂದರೂ ಸುಳ್ಳಲ್ಲ.

ಆದರೆ ಆ ಮುಖವನ್ನು ಹಿಡಿಯಬೇಕಾದರೆ ಜಗಲಿಯ ಕೆಳಗೆ, ಮೆಟ್ಟಿಲ ಮೇಲೆ, ನೀರಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಜನ ನೂಕುತ್ತಿರುವಾಗ, ವಾಲಗ ಕಿವಿ ತುಂಬಿರುವಾಗ, ಹಿಂದಕ್ಕೆ ಹೆಜ್ಜೆ ಇಡಬೇಕು.

“ಜಾಗ ಚೆನ್ನಾಗಿದೆ ಕಣೇ ಗಗನಾ,” ಎಂದಳು. “ಆದ್ರೆ ನೀನು ಆ ಕಡೆ ಮುಖ ಮಾಡಿ ನಿಲ್ತೀಯ. ಸೂರ್ಯ ಬೆನ್ನಿಗೆ. ಮುಖ ಕಪ್ಪಗೆ ಬರತ್ತೆ. ಅಕ್ಕನ ಫೋಟೋ ಥರ ಬರಲ್ಲ.”

ಗಗನಾಳ ಮುಖ ಸಪ್ಪಗಾಯಿತು. “ಫ್ಲ್ಯಾಶ್ ಹಾಕಿದ್ರೆ?”

“ಹಾಕಬಹುದು. ಹಿಟ್ಟು ಮೆತ್ತಿದ ಹಾಗೆ ಕಾಣ್ತೀಯ.”

“ನೋಡು, ನಾನು ಹೇಳ್ಲಿಲ್ವಾ?” ಎಂದಳು ರಾಗಿಣಿ. ಅವಳಿಗೆ ಮೊದಲಿನಿಂದಲೂ ಮಂಟಪವೇ ಇಷ್ಟ. ಅಲ್ಲಿ ಬಾತ್‌ರೂಮು ಚೆನ್ನಾಗಿತ್ತು.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಕೆಮಿಸ್ಟ್ರಿ ಹೇಳಿಕೊಡುವ ಹುಡುಗಿ, ಮಾಡಿ ನೋಡದೆ ನಂಬುವುದು ಅವಳಿಗೆ ಬಾರದು. “ಒಂದು ಟೆಸ್ಟ್ ಶಾಟ್ ತೆಗೀರಿ ಆಂಟಿ. ನೋಡೋಣ, ಎಷ್ಟು ಕಪ್ಪಗೆ ಬರ್ತೀನೋ. ಅಜ್ಜಿ, ನೀವು ಗಂಡು.”

“ಈ ವಯಸ್ಸಲ್ಲಿ ನನ್ನ ಗಂಡು ಮಾಡಿದ್ರಲ್ಲೇ! ಮೀಸೆ ಆಗಲೇ ಬಂದಿದೆ ಬಿಡು, ಬಾಸಿಂಗ ಒಂದು ಕಟ್ಟಿ.” ನರಸಮ್ಮ ಸೆರಗು ಬಿಗಿದುಕೊಂಡು ಜಗಲಿ ಹತ್ತಿ, ನೀರಿಗೆ ಬೆನ್ನು ಮಾಡಿ ನಿಂತೇಬಿಟ್ಟರು. ಎದುರಿಗೆ ಗಗನಾ. ರಾಗಿಣಿ ತನ್ನ ಶಾಲಿನ ಒಂದು ತುದಿಯನ್ನು ಕಂಬಕ್ಕೆ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು, ಅಂತರಪಟ ಮಾಡಿದಳು.

ಈಗ ಇಳಿಯದೆ ಉಪಾಯವಿರಲಿಲ್ಲ. ಅಂಬುಜಾ ಗೋಣನ್ನು ಪೂರ್ತಿ ಬಗ್ಗಿಸಿ, ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದಳು. ಲೆನ್ಸ್ ಬದಲಿಸುವ ನೆಪದಲ್ಲಿ ನಡುನಡುವೆ ನಿಂತಳು. ಬೆನ್ನ ಹಿಂದೆ ನೀರಿನ ತಣ್ಣನೆಯ ವಾಸನೆ. ಕ್ಯಾಮೆರಾ ಕಣ್ಣಿಗೆ ಬಂದ ಮೇಲೆ ಹೆದರಿಕೆ ಹಿಂದೆ ಸರಿಯಿತು. ಅದು ಅವಳ ಮೈಗೆ ಅಭ್ಯಾಸವಾಗಿಹೋಗಿತ್ತು.

“ಬಿಡಿ ರಾಗಿಣಿ!”

ಶಾಲು ಕೆಳಗೆ ಬಿತ್ತು. ಗಗನಾಳ ಮುಖ ಬೆಳಗಿತು. ಗೋಡೆಯ ಬೆಳಕು ಅವಳ ಕೆನ್ನೆಯ ಮೇಲೆ, ತುಟಿಯ ಅಂಚಿನಲ್ಲಿ, ಕಣ್ಣೊಳಗೆ. ಅಂಬುಜಾ ಎಲ್ಲವನ್ನೂ ಮರೆತು ಗುಂಡಿ ಒತ್ತುತ್ತ ಹೋದಳು. ಪಕ್ಕದಿಂದ ಓರೆಯಾಗಿ ನೋಡುತ್ತಿದ್ದ ಅವಳಿಗೆ ನರಸಮ್ಮನ ಭುಜ ಒಂದಿಷ್ಟು ಅಡ್ಡ ಬರುತ್ತಿತ್ತು.

“ಅಜ್ಜಿ, ಒಂಚೂರು ಹಿಂದಕ್ಕೆ. ಇನ್ನೊಂಚೂರು. ಹಾಂ, ಇನ್ನೊಂದೇ ಒಂದು—”

ನೀರಿನಲ್ಲಿ ಏನೋ ಬಿದ್ದ ಸದ್ದು. ಆಮೇಲೆ ರಾಗಿಣಿಯ ಕೂಗು. ಅಂಬುಜಾ ಕ್ಯಾಮೆರಾ ಇಳಿಸಿದಾಗ ಗಗನಾ ಅಜ್ಜಿಯ ಎರಡು ತೋಳನ್ನೂ ಬಾಚಿ ಹಿಡಿದು ಜಗಲಿಯ ಮೇಲೆ ಕುಸಿದು ಕೂತಿದ್ದಳು. ನರಸಮ್ಮನ ಒಂದು ಚಪ್ಪಲಿ ಕಲ್ಯಾಣಿಯಲ್ಲಿ ತೇಲುತ್ತಿತ್ತು.

ಅಂಬುಜಾ ನಿಂತಲ್ಲೇ ಪರದೆಯ ಮೇಲಿನ ಫೋಟೋ ನೋಡಿದಳು. ಗಗನಾಳ ಬೆಳಗುವ ಮುಖ. ಬೆರಳು ತಾನಾಗಿ ಚಿತ್ರವನ್ನು ಹಿಗ್ಗಿಸಿ ಕೆಳಕ್ಕೆ ಸರಿಸಿತು. ಜಗಲಿಯ ಅಂಚು. ಆ ಅಂಚಿನಿಂದಾಚೆಗೆ ಚಾಚಿದ ಒಂದು ಮುದಿ ಹಿಮ್ಮಡಿ. ಅದರ ಕೆಳಗೆ ಏನೂ ಇರಲಿಲ್ಲ. ಅದಕ್ಕಿಂತ ಹಿಂದಿನ ಫೋಟೋದಲ್ಲೂ ಆ ಹಿಮ್ಮಡಿ ಅಂಚಿನಲ್ಲೇ ಇತ್ತು. ಅವಳು ಆ ದೃಶ್ಯವನ್ನೇ ನೋಡುತ್ತ ‘ಇನ್ನೊಂಚೂರು’ ಅಂದಿದ್ದಳು. ಕ್ಯಾಮೆರಾಕ್ಕೆ ಕಂಡದ್ದು ಅವಳಿಗೆ ಕಂಡಿರಲಿಲ್ಲ. ಕಾಣದ ಕಡೆ ಮನಸ್ಸು ತನ್ನ ಪಾಡಿಗೆ ಕಲ್ಲು ಹಾಸಿಕೊಂಡಿತ್ತು.

ಬಿದ್ದಿದ್ದರೆ? ಆ ಕಲ್ಲಿನ ಅಂಚು, ಆ ತಲೆ. ಮುಂದೆ ಇನ್ನಾರು? ಆರತಿ ತಟ್ಟೆ ಹಿಡಿದ ಹುಡುಗಿಯೋ, ತೆವಳುವ ಕೂಸೋ.

ಮೇಲೆ ರಾಗಿಣಿ ಅತ್ತೆಯನ್ನು ಬಯ್ಯುತ್ತಿದ್ದಳು. ಹೆದರಿದವರ ಸಿಟ್ಟು. “ಹಿಂದೆ ಏನಿದೆ ಅಂತ ನೋಡ್ಕೊಳೋದು ಬೇಡ್ವಾ? ಬರ್ಬೇಡಿ ಅಂದೆ, ಕೇಳಿದ್ರಾ? ಕಣ್ಣು ಕಾಣದಿದ್ಮೇಲೆ ಮನೇಲಿರ್ಬೇಕು!”

“ಅಂಬುಜಾ ಹೇಳಿದ್ಳಲ್ಲೇ, ಹಿಂದೆ ಬನ್ನಿ ಅಂತ. ಅವಳು ನೋಡ್ತಿದಾಳೆ ಅಂದ್ಕೊಂಡೆ,” ಎಂದರು ನರಸಮ್ಮ. ದನಿ ಸಣ್ಣದಾಗಿತ್ತು.

“ಅವರು ನಿಮ್ಮ ಮೊಮ್ಮಗಳ ಮುಖ ನೋಡ್ತಾರೋ, ನಿಮ್ಮ ಕಾಲು ನೋಡ್ತಾರೋ?”

ಅಂಬುಜಾ ಮೇಲೆ ಬಂದಳು, ಹೇಗೆ ಬಂದಳೋ. ಗಗನಾ ಕ್ಯಾಮೆರಾ ಇಸಿದುಕೊಂಡು ನೋಡಿದಳು. ಹುಬ್ಬು ಗಂಟಿಕ್ಕಿತು. “ಮುಖ ಕಪ್ಪಗೇನೂ ಬಂದಿಲ್ಲವಲ್ಲ ಆಂಟಿ? ಎಷ್ಟು ಚೆನ್ನಾಗಿ ಬಂದಿದೆ.”

“ಮೋಡ ಇದ್ರೆ...” ಎಂದು ಅಂಬುಜಾ ಶುರುಮಾಡಿದಳು. ಇನ್ನೂ ದಾರಿ ಇತ್ತು. ಮೋಡ ಅನ್ನಬಹುದು, ಅಜ್ಜಿ ಜಾರಿದ್ದನ್ನೇ ಕಾರಣ ಮಾಡಿ ಈ ಜಾಗ ಅಪಾಯ ಅನ್ನಬಹುದು. ರಾಗಿಣಿ ಕುಣಿದು ಒಪ್ಪುತ್ತಾಳೆ. ನರಸಮ್ಮ ಬರಿಗಾಲನ್ನು ಸೀರೆಯ ನೆರಿಗೆಯೊಳಗೆ ಎಳೆದುಕೊಂಡು, ತಪ್ಪು ಮಾಡಿದವರ ಹಾಗೆ ಕೂತಿದ್ದರು.

“ರಾಗಿಣಿ, ಅವರನ್ನ ಬಯ್ಬೇಡಿ,” ಎಂದಳು ಅಂಬುಜಾ. “ಕಣ್ಣು ಕಾಣದಿರೋದು ನನಗೆ. ಕೆಳಗಿನದು ಕಾಣಲ್ಲ. ಅವರ ಕಾಲು ನನಗೆ ಕಾಣ್ಲಿಲ್ಲ.”

ಹೇಳಿದ ಮೇಲೆ ಹಗುರಾಗುತ್ತದೆ ಎಂದು ಅವಳು ಎಲ್ಲೋ ನಂಬಿದ್ದಳು. ಹಗುರಾಗಲಿಲ್ಲ. ಮನೆಯೊಳಗೆ ಮುಚ್ಚಿಟ್ಟದ್ದು ಬೀದಿಗೆ ಬಂದು ನಿಂತ ಹಾಗಾಯಿತು.

“ಅಕ್ಕನ ಮದುವೇಲೂ...?” ಎಂದಳು ಗಗನಾ.

“ಇಲ್ಲಮ್ಮ. ಆಗ ಚೆನ್ನಾಗಿ ಕಾಣ್ತಿತ್ತು.”

“ಮೊದ್ಲೇ ಹೇಳ್ಬಾರ್ದಿತ್ತಾ ಅಂಬುಜಾ?” ರಾಗಿಣಿಯ ದನಿಯಲ್ಲಿ ಮರುಕಕ್ಕಿಂತ ಮೊದಲು ಗಾಬರಿ ಇತ್ತು. “ಲಗ್ನದ ಸೀಸನ್ನು, ಈಗ ಯಾರು ಸಿಗ್ತಾರೆ?” ಎಂದುಬಿಟ್ಟು, ತನ್ನ ಮಾತು ತನಗೇ ಕೇಳಿಸಿ, ಚೀಲದಿಂದ ಫ್ಲಾಸ್ಕ್ ತೆಗೆದು ಕಾಫಿ ಬಗ್ಗಿಸತೊಡಗಿದಳು.

“ಜಾಗ ಬಿಡ್ಬೇಡಿ,” ಎಂದಳು ಅಂಬುಜಾ. ಈಗ ದನಿ ಗಟ್ಟಿಯಾಗಿತ್ತು, ಬೆಳಕಿನ ಮಾತಾದ್ದರಿಂದ. “ಬೆಳಕು ಸರಿಯಿಲ್ಲ ಅಂದಿದ್ದು ಸುಳ್ಳು. ಆ ಗೋಡೆ ಇದೆಯಲ್ಲ ಗಗನಾ, ಅದು ಇರೋದೇ ನಿನಗೋಸ್ಕರ ಅಂತ ಇಟ್ಕೋ. ಡೆಕೊರೇಶನ್‌ನವರು ಅದರ ಮೇಲೆ ಕೆಂಪು ಬಟ್ಟೆ ಎಳೀತೀವಿ ಅಂತಾರೆ, ಬಿಡ್ಬೇಡ. ಮುಖವೆಲ್ಲ ಕೆಂಪಾಗತ್ತೆ. ಹೂವೂ ಬೇಡ. ಸುಣ್ಣ ಸುಣ್ಣವಾಗೇ ಇರ್ಲಿ. ಯಾರೂ ಜಾರದ ಹಾಗೆ ಜಗಲಿ ಅಂಚಿಗೆ ಒಂದು ಕಟಾಂಜನ ಕಟ್ಟಿಸಿ. ಫೋಟೋಗೆ ನಾನು ಬೇರೆಯವರನ್ನ ಹೇಳ್ತೀನಿ. ಗುರುದೇವಿ ಅಂತ, ಹುಬ್ಬಳ್ಳಿ ಕಡೆಯವಳು, ಹೇರೋಹಳ್ಳಿಲಿದಾಳೆ. ಚೆನ್ನಾಗಿ ತೆಗೀತಾಳೆ.”

ವಾಪಸು ಬರುವಾಗ ಮೈಸೂರು ರಸ್ತೆಯ ತುಂಬ ಗಾಡಿಗಳು. ಜ್ಞಾನಭಾರತಿಯ ಹತ್ತಿರ ಕಾರು ನಿಂತು ನಿಂತು ಸಾಗುತ್ತಿತ್ತು. ರಾಗಿಣಿ ಹಿಂದಕ್ಕೆ ತಿರುಗಿದಳು. ಬಹಳ ಹೊತ್ತು ಯೋಚಿಸಿ ಹುಡುಕಿದ ದಯೆ ಅವಳ ಮುಖದಲ್ಲಿತ್ತು.

“ಸಂಜೆ ರಿಸೆಪ್ಶನ್ ಆದ್ರೂ ನೀವೇ ಮಾಡ್ಕೊಡಿ ಅಂಬುಜಾ. ಅದೇನು, ಸ್ಟೇಜು, ಸಮವಾಗಿರತ್ತೆ.”

ಅಂಬುಜಾಳಿಗೆ ಹೂಂ ಅನ್ನಬೇಕೆನಿಸಿತು. ಒಮ್ಮೆ ಹೇಳಿದರೆ ಮುಗಿಯಿತು ಅಂದುಕೊಂಡಿದ್ದಳು. ಮುಗಿಯುವುದಿಲ್ಲ. ಫೋನು ಬಂದಾಗಲೆಲ್ಲ ಹೇಳಬೇಕು. ಮನೆಯಲ್ಲಿ ಹೇಳಬೇಕು, ಇವತ್ತೇ, ಸ್ಕೂಟರಿನ ಕೀಲಿ ತಾನಾಗಿ ಕೊಟ್ಟು ಹೇಳಬೇಕು.

“ಸ್ಟೇಜಿಗೂ ಅಂಚಿರತ್ತೆ ರಾಗಿಣಿ. ಕತ್ತಲಾದ್ಮೇಲೆ ಇನ್ನೂ ಕಡಿಮೆ ಕಾಣತ್ತೆ. ಬೇಡ.”

ರಾಗಿಣಿ ಮುಂದಕ್ಕೆ ತಿರುಗಿದಳು. ಸಿಗ್ನಲ್ ಬಿಟ್ಟಿತು.

“ನಾನು ಕಾಣ್ತಿದೀನೇನೇ ನಿನಗೆ?” ಎಡಗಡೆಯಿಂದ ನರಸಮ್ಮನ ದನಿ ಬಂತು. ಅವರು ಎಷ್ಟು ಹೊತ್ತಿನಿಂದ ತನ್ನನ್ನು ನೋಡುತ್ತಿದ್ದರೋ ಅಂಬುಜಾಳಿಗೆ ಗೊತ್ತಿರಲಿಲ್ಲ.

“ನೇರ ನೋಡಿದ್ರೆ ಕಾಣ್ತೀರಿ.”

“ಹಂಗಾದ್ರೆ ತಿರುಗಿ ನೋಡು. ಆವಾಗಿಂದ ಒಬ್ಳೇ ಕಿಟಕಿ ಕಡೆ ನೋಡ್ತಾ ಕೂತಿದೀಯಲ್ಲ.”

ಅಂಬುಜಾ ತಿರುಗಿದಳು. ಬಹಳ ಸಮೀಪದಲ್ಲಿ ಅಜ್ಜಿಯ ಮುಖವಿತ್ತು. ಹಣೆಯ ಕುಂಕುಮ ಬೆವರಿಗೆ ಒಂದಿಷ್ಟು ಇಳಿದಿತ್ತು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಇನ್ನೂ ಬಿಟ್ಟುಹೋಗದ ಹೆದರಿಕೆ ಇತ್ತು, ತನ್ನದರಷ್ಟೇ. ಅವಳು ಅದನ್ನು ಇನ್ನಷ್ಟು ಹೊತ್ತು, ಅಂಚಿನಿಂದ ಅಂಚಿಗೆ, ಕಣ್ಣು ಸರಿಸಿ ಸರಿಸಿ ನೋಡಿದಳು.