ಫಾದರ್ ಹೋಲ್ಟ್ಸರ್ ನೋಡದ ನಾಣ್ಯ

ತೇಜಸ್ವಿನಿ ಏಳು ವರ್ಷದಿಂದ ಒಬ್ಬ ಪಾದ್ರಿಯ ಹಿಂದೆ ಬಿದ್ದಿದ್ದಳು. ಪಾದ್ರಿ ಸತ್ತು ಇನ್ನೂರು ವರ್ಷದ ಮೇಲಾಗಿದ್ದರಿಂದ ಮನೆಯಲ್ಲಿ ಯಾರೂ ಗಾಬರಿಪಟ್ಟಿರಲಿಲ್ಲ.

ಪಾದ್ರಿಯ ಹೆಸರು ಲಿಯೊಪೋಲ್ಡ್ ಹೋಲ್ಟ್ಸರ್. ವಿಯೆನ್ನಾ ಕಡೆಯವನು, ಜೆಸ್ಯೂಟ್ ಪಂಗಡದವನು, ಹಳೇ ನಾಣ್ಯಗಳ ಪಂಡಿತ. ಮಧುಗಿರಿಯ ಹಾಸ್ಟೆಲ್ ಲೈಬ್ರರಿಗೆ ಯಾರೋ ಪುಣ್ಯಾತ್ಮರು ಒಂದು ಗೋಣಿಚೀಲ ಪುಸ್ತಕ ದಾನ ಕೊಟ್ಟಿದ್ದರು. ಉಳಿದ ಹುಡುಗಿಯರು ಅದರಲ್ಲಿದ್ದ ಪರೀಕ್ಷೆ ಗೈಡುಗಳನ್ನೆಲ್ಲ ಕಿತ್ತಾಡಿ ಹಂಚಿಕೊಂಡ ಮೇಲೆ ಚೀಲದ ತಳದಲ್ಲಿ ಉಳಿದದ್ದು ಈ ಪಾದ್ರಿಯ ಜೀವನಚರಿತ್ರೆ, ಅದೂ ರಟ್ಟಿಲ್ಲದ್ದು. ಓದುವುದಕ್ಕೆ ಬೇರೇನೂ ಇಲ್ಲದೆ ಓದಿದಳು. ಓದಿ ಕೆಟ್ಟಳು.

ಈಗ ಅವನ ಮೇಲೇ ಪಿಎಚ್.ಡಿ. ಐದು ಅಧ್ಯಾಯ ಮುಗಿದಿದ್ದವು. ಜನವರಿ ಮೂವತ್ತರೊಳಗೆ ಗೈಡ್ ಸಹಿ ಬಿದ್ದು ಪ್ರಬಂಧ ಯೂನಿವರ್ಸಿಟಿಗೆ ಹೋಗದಿದ್ದರೆ ನೋಂದಣಿ ರದ್ದು. ಪಿಎಚ್.ಡಿ. ಇಲ್ಲದಿದ್ದರೆ ಮುಂದಿನ ವರ್ಷ ಕಾಲೇಜಿನ ಅತಿಥಿ ಉಪನ್ಯಾಸಕಿ ಕೆಲಸವೂ ಇಲ್ಲ. ಕೈಯಲ್ಲಿ ಇದ್ದದ್ದು ಹನ್ನೆರಡು ದಿನ.

ಗೈಡ್ ಪ್ರೊಫೆಸರ್ ನಂದೀಶ್ವರಯ್ಯ ಸಹಿ ಹಾಕುವ ಪೆನ್ನಿನ ಕ್ಯಾಪನ್ನು ತೆಗೆಯುತ್ತಾ, ಮುಚ್ಚುತ್ತಾ ಕೂತಿದ್ದರು.

"ನಿಮ್ಮ ಪಾದ್ರಿ ಮಧುಗಿರಿಗೆ ಬಂದಿದ್ದರೇನಮ್ಮ?"

"ಇಲ್ಲ ಸಾರ್."

"ಹೋಗಲಿ, ಶಿರಾಕ್ಕೆ?"

"ಸಾರ್, ಅವರು ಹಡಗನ್ನೇ ಹತ್ತಿದವರಲ್ಲ."

"ಮತ್ತೆ ನಮಗೂ ಅವನಿಗೂ ಏನು ಸಂಬಂಧ? ವೈವಾದಲ್ಲಿ ಕೇಳ್ತಾರೆ. ನನ್ನನ್ನ ಕೇಳ್ತಾರೆ." ಪೆನ್ನಿನ ಕ್ಯಾಪ್ ಟಕ್ ಎಂದು ಮುಚ್ಚಿತು. "ಆರನೇ ಅಧ್ಯಾಯ ಒಂದು ಬರೀರಿ. ಹೋಲ್ಟ್ಸರ್ ಪದ್ಧತಿ ಮತ್ತು ಮಧುಗಿರಿಯ ರೋಮನ್ ನಾಣ್ಯ. ಅವತ್ತೇ ಸಹಿ."

ಮಧುಗಿರಿಯ ರೋಮನ್ ನಾಣ್ಯ ಅಂದರೆ ನಂದೀಶ್ವರಯ್ಯನವರ ನಾಣ್ಯ. ಮೂವತ್ತಮೂರು ವರ್ಷದ ಹಿಂದೆ, ಹೊಸದಾಗಿ ಕೆಲಸಕ್ಕೆ ಸೇರಿದಾಗ, ಬೆಟ್ಟದ ಬುಡದಲ್ಲಿ ಕ್ಷೇತ್ರಕಾರ್ಯ ಮಾಡುವಾಗ ತಮಗೆ ಸಿಕ್ಕಿದ್ದೆಂದು ಅವರು ಒಂದು ಲೇಖನ ಬರೆದಿದ್ದರು. ಸನ್ಮಾನಗಳಲ್ಲಿ ಹೊದಿಸಿದ ಶಾಲುಗಳೆಲ್ಲ ಆ ಒಂದು ಲೇಖನದ್ದು. ನಾಣ್ಯ ಭದ್ರವಾಗಿರಲಿ ಅಂತ ಹೆಂಡತಿಯ ದೇವರ ಪೆಟ್ಟಿಗೆಯಲ್ಲಿಟ್ಟಿದ್ದೇನೆ ಅನ್ನುತ್ತಿದ್ದರು.

"ಒಂದ್ಸಲ ಕೈಯಲ್ಲಿ ಹಿಡಿದು ನೋಡಬೇಕಲ್ಲ ಸಾರ್."

"ಫೋಟೋ ಇದೆಯಲ್ಲ."

ಕಷ್ಟ ಇದ್ದದ್ದು ಇಲ್ಲೇ. ಹೋಲ್ಟ್ಸರ್ ಜೀವಮಾನವೆಲ್ಲ ಹಿಡಿದದ್ದು ಒಂದೇ ಹಟ: ತನ್ನ ಕೈಗೆ ಬಾರದ ನಾಣ್ಯದ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ. ಅವನ ಪಟ್ಟಿಯಲ್ಲಿ ನಾಲ್ಕು ಸಾವಿರ ನಾಣ್ಯಗಳಿವೆ. ಅದರಲ್ಲಿ ಸಾವಿರದ ನೂರರ ಎದುರಿಗೆ 'ನಾನು ನೋಡಿಲ್ಲ' ಎಂದಷ್ಟೇ ಬರೆದು ಮುಂದೆ ಹೋಗಿದ್ದಾನೆ. ಅವನ ಪಂಗಡವನ್ನೇ ಪೋಪ್ ವಿಸರ್ಜಿಸಿದ ಮೇಲೆ ಒಬ್ಬ ರಾಜಕುಮಾರ ಕರೆದು ತನ್ನ ನಾಣ್ಯಗಳ ಕಪಾಟು ನೋಡಿಕೊಳ್ಳುವ ಕೆಲಸ ಕೊಟ್ಟಿದ್ದ. ಕಪಾಟಿನಲ್ಲಿ ರಾಜಕುಮಾರನಿಗೆ ಪ್ರಾಣವಾಗಿದ್ದ ಒಂದು ಸೀಸರ್ ನಾಣ್ಯ, ತಾತ ಕೊಟ್ಟದ್ದು. ಹೋಲ್ಟ್ಸರ್ ಅದನ್ನು ಎತ್ತಿ ಅಮೃತಶಿಲೆಯ ನೆಲಕ್ಕೆ ಬಿಟ್ಟ. ಅಚ್ಚೊತ್ತಿದ ನಾಣ್ಯವಾದರೆ ಠಣ್ ಅನ್ನಬೇಕು. ಅದು ಟಪ್ ಅಂದಿತು. "ಎರಕದ್ದು ಪ್ರಭು," ಅಂದ. ಅವತ್ತೇ ಸಂಜೆ ಕೆಲಸ ಹೋಯಿತು. ಉಳಿದ ಹನ್ನೊಂದು ವರ್ಷ ಹಳ್ಳಿಯ ಚರ್ಚಿನಲ್ಲಿ ಕೋಳಿ ಸಾಕಿಕೊಂಡು ಪಟ್ಟಿ ಬರೆದ.

ಈ ಕಥೆಯನ್ನು ತೇಜಸ್ವಿನಿ ನಾಲ್ಕನೇ ಅಧ್ಯಾಯದಲ್ಲಿ ಇಪ್ಪತ್ತು ಪುಟ ಬರೆದಿದ್ದಳು. ನಂದೀಶ್ವರಯ್ಯ ಓದಿರಲಿಲ್ಲ. ಓದಿದ್ದರೆ, ಅವಳು ಎಷ್ಟು ಪೀಡಿಸಿದರೂ ನಾಣ್ಯ ತೋರಿಸಲು ಖಂಡಿತ ಒಪ್ಪುತ್ತಿರಲಿಲ್ಲ. ಓದದೆ ಒಪ್ಪಿದರು.

ಶುಕ್ರವಾರ ತಲೆಗೆ ಸ್ನಾನ ಮಾಡಿಕೊಂಡು ಬಾ ಎಂದು ಅವರ ಹೆಂಡತಿ ಚನ್ನಮಲ್ಲಮ್ಮ ಹೇಳಿಕಳಿಸಿದರು. ಹೋದಳು. ಪೆಟ್ಟಿಗೆಯಿಂದ ನಾಣ್ಯ ಆಚೆ ಬಂತು. ಹೊಸ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿತ್ತು.

"ಪ್ರತಿ ಹಬ್ಬಕ್ಕೂ ಹುಣಸೆಹಣ್ಣು ಹಾಕಿ ತಿಕ್ತೀನಿ ಕಣಮ್ಮ. ನೀನು ಬರ್ತೀಯ ಅಂತ ನೆನ್ನೆ ಇನ್ನೊಂದ್ಸಲ ತಿಕ್ಕಿದೆ," ಎಂದರು ಚನ್ನಮಲ್ಲಮ್ಮ, ಮಾಡಿದ ಕೆಲಸ ನೋಡು ಅನ್ನುವ ಹಾಗೆ.

ಎರಡು ಸಾವಿರ ವರ್ಷದ ಕಪ್ಪೇನಾದರೂ ಇದ್ದಿದ್ದರೆ ಹುಣಸೆಹಣ್ಣು ಅದನ್ನು ತೊಳೆದುಹಾಕಿತ್ತು. ಚಕ್ರವರ್ತಿಯ ಕಣ್ಣು, ತುಟಿ ಎರಡೂ ಸವೆದು ಹೋಗಿದ್ದವು. ಮೂಗಿನ ಮೇಲೊಂದು ಕಚ್ಚು ಮಾತ್ರ ಹಾಗೇ ಇತ್ತು. ತೇಜಸ್ವಿನಿ ಅಂಚಿನ ಮೇಲೆ ಉಗುರಾಡಿಸಿದಳು. ಸುತ್ತಲೂ ಸಣ್ಣ ಗೆರೆ. ಅರ ಹಾಕಿ ಉಜ್ಜಿದ ಗುರುತು. ಎರಕ ಹೊಯ್ದದ್ದರ ಅಂಚನ್ನು ಸಮಮಾಡಲು ಹೀಗೆ ಉಜ್ಜುತ್ತಾರೆಂದು ಹೋಲ್ಟ್ಸರ್ ಬರೆದಿದ್ದ.

"ಸಾರ್, ಒಂದೇ ಒಂದು ಸಲ ನೆಲಕ್ಕೆ..."

"ದೇವರ ಕಾಸು! ನೆಲಕ್ಕಾ?" ನಂದೀಶ್ವರಯ್ಯ ನಾಣ್ಯ ಕಸಿದುಕೊಂಡರು. "ಬರೆಯೋದು ಕಲೀರಿ ಮೊದಲು."

ಮರುದಿನ ಅವಳು ಶಿರಾ ಬಸ್ಸು ಹತ್ತಿದಳು. ಪೇಟೆಯಲ್ಲಿ ಹಳೇ ಬೆಳ್ಳಿ ಕೆಲಸ ಬಲ್ಲವರು ಯಾರು ಅಂದರೆ ಎಲ್ಲರೂ ನಸ್ರುಲ್ಲಾ ಸಾಹೇಬರ ಅಂಗಡಿ ತೋರಿಸಿದರು. ಎಪ್ಪತ್ತು ವರ್ಷದ ಮುದುಕ. ಮೊಬೈಲಿನಲ್ಲಿದ್ದ ನಾಣ್ಯದ ಫೋಟೋ ನೋಡಿ ಮೊದಲು ಕನ್ನಡಕ ಒರೆಸಿಕೊಂಡರು, ಆಮೇಲೆ ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು.

"ಅರೆ ಬೇಟಿ, ಈ ಮೂಗು! ಈ ಮೂಗು ನಮ್ಮ ಅಬ್ಬಾ ಕೈಕೆಲಸ."

"ಎಂಥ ಕೈಕೆಲಸ ಚಾಚಾ?"

"ಐವತ್ತು ವರ್ಷ ಆಯ್ತು. ಕೊಳಾಲದ ಒಬ್ಬ ಗೌಡ ಬಂದ. ಬಾವಿ ತೋಡೋವಾಗ ಒಂದು ಬೆಳ್ಳಿ ಕಾಸು ಸಿಕ್ಕಿತ್ತಂತೆ. ಮನೇಲಿ ಮೂರು ಹೆಣ್ಣುಮಕ್ಕಳು. ಲಕ್ಷ್ಮಿ ಬಂದವಳೆ, ಒಬ್ಬಳಿಗೆ ಕೊಟ್ಟರೆ ಇನ್ನಿಬ್ಬರು ಜಗಳ ಆಡ್ತಾರೆ, ಕತ್ತರಿಸಿ ಕೊಡಾಣ ಅಂದ್ರೆ ದೇವರು. ಏನ್ ಮಾಡಾಣ ಸಾಹೇಬ್ರೆ ಅಂದ. ಅಬ್ಬಾ ಮರಳಿನಲ್ಲಿ ಅಚ್ಚು ತೆಗೆದು ಇನ್ನೆರಡು ಹೊಯ್ದು ಕೊಟ್ಟರು. ಮೂಗಿನ ಕಚ್ಚು ಸಮೇತ. ತಿದಿ ಒತ್ತಿದ್ದು ನಾನು."

"ಹಂಗಾದ್ರೆ ಒಂದು ನಿಜದ್ದು, ಎರಡು ಖೋಟಾ?"

ಮುದುಕರ ನಗು ನಿಂತಿತು. "ಖೋಟಾ ಅನ್ನಬ್ಯಾಡ. ಮೋಸ ಮಾಡಕ್ಕೆ ಮಾಡಿದ್ರೆ ಖೋಟಾ. ಗಿರಾಕಿ ಕೇಳ್ದ, ಅಬ್ಬಾ ಮಾಡಿಕೊಟ್ರು. ಎರಕ ಅನ್ನು."

"ಗುರುತು ಹಿಡಿಯೋದು ಹೆಂಗೆ ಚಾಚಾ?"

"ಕಲ್ಲಿನ ಮೇಲೆ ಬಿಡು. ಕಾಸೇ ಹೇಳ್ತದೆ."

ಪಾದ್ರಿ ಅಮೃತಶಿಲೆಯ ಮೇಲೆ ಕಲಿತದ್ದನ್ನು ಸಾಹೇಬರು ಅಂಗಡಿಯ ಮೆಟ್ಟಿಲ ಮೇಲೇ ಕಲಿತಿದ್ದರು. ತೇಜಸ್ವಿನಿ ಅವರ ಹೆಸರು, ಅವರಪ್ಪನ ಹೆಸರು ಎರಡನ್ನೂ ಬರೆದುಕೊಂಡಳು.

ವಿಚಾರಿಸಿದಾಗ ಗೊತ್ತಾಯಿತು: ಕೊಳಾಲದ ಆ ಮೂವರು ಹೆಣ್ಣುಮಕ್ಕಳಲ್ಲಿ ಕಿರಿಯಳೇ ಚನ್ನಮಲ್ಲಮ್ಮ. ನಡುವಿನವಳು ಪಟಾಲಮ್ಮ, ಪಾವಗಡಕ್ಕೆ ಕೊಟ್ಟದ್ದು. ಹಿರಿಯಳು ದೊಡ್ಡಕ್ಕ; ಗಂಡ ಮನೆಯಳಿಯನಾಗಿ ಬಂದದ್ದರಿಂದ ಕೊಳಾಲದಲ್ಲೇ ಉಳಿದವಳು. ತೇಜಸ್ವಿನಿ ಮೊದಲು ಪಾವಗಡಕ್ಕೆ ಹೋದಳು.

ಪಟಾಲಮ್ಮನ ಮನೆಯಲ್ಲಿ ಕಾಸು ಪೆಟ್ಟಿಗೆಯಲ್ಲಿರಲಿಲ್ಲ. ತೂತು ಕೊರೆದು ಮೊಮ್ಮಗನ ಉಡಿದಾರಕ್ಕೆ ಪೋಣಿಸಿದ್ದರು. ಮೊಮ್ಮಗ ಅದೊಂದನ್ನೇ ತೊಟ್ಟುಕೊಂಡು ಅಂಗಳದಲ್ಲಿ ಓಡಾಡುತ್ತಿದ್ದ.

"ಏಮ್ಮಾ ತಲ್ಲಿ, ಚಡ್ಡಿ ಇಲ್ಲದ ಮಗೂನ ಹಿಂದೆ ಅಂಗ್ಯಾಕೆ ಓಡ್ತೀಯಾ? ಕಾಲೇಜು ಮೇಡಮ್ಮು ಅಂತಿ!" ಎಂದರು ಪಟಾಲಮ್ಮ, ಪಾವಗಡದ ತೆಲುಗು ಬೆರೆಸಿ.

ತೇಜಸ್ವಿನಿ ಹಿಡಿದಳು. ಕಲ್ಲಿಗೆ ಬಿಡುವ ಕೆಲಸವೇ ಬೀಳಲಿಲ್ಲ. ಕೊರೆದ ತೂತಿನ ಒಳಗೆ ತಾಮ್ರ ಕೆಂಪಗೆ ಇಣುಕುತ್ತಿತ್ತು. ಮೂಗಿನ ಕಚ್ಚು ಮಾತ್ರ ಹಾಗೇ.

"ನಿಜದ್ದು ನನ್ನತ್ರ ಉಂಡೇದಿ, ತೆಲುಸಾ? ಅಕ್ಕಂಗೂ ಚೆನ್ನಿಗೂ ಡೂಪ್ಲಿಕೇಟು," ಎಂದರು ಪಟಾಲಮ್ಮ. ತೇಜಸ್ವಿನಿ ಕಾಫಿ ಕುಡಿದು, ತಲೆಯಾಡಿಸಿ ಬಂದಳು. ಪಟಾಲಮ್ಮ ಪ್ರಬಂಧಕ್ಕೆ ಸಹಿ ಹಾಕುವವರೇನಲ್ಲವಲ್ಲ.

ಕೊರಟಗೆರೆಯಲ್ಲಿ ಬಸ್ಸು ಬದಲಿಸಿ ಕೊಳಾಲಕ್ಕೆ ಹೋದಾಗ ದೊಡ್ಡಕ್ಕ ಅವಳನ್ನು ನೀರಿನ ತೊಟ್ಟಿಯ ಹತ್ತಿರವೇ ನಿಲ್ಲಿಸಿದರು.

"ಬೆಳಿಗ್ಗೆ ಸ್ನಾನ ಮಾಡಿದೀನಿ ದೊಡ್ಡಮ್ಮ."

"ಬಸ್ಸಲ್ಲಿ ಎಷ್ಟು ಜನ ಮುಟ್ಟವ್ರೋ ಏನೋ. ಹುಯ್ಕೊ ಇಲ್ಲೇ. ನನ್ನ ದೇವ್ರ ಪೆಟ್ಟಿಗೆ ಮುಟ್ಟಾಕೆ ಮಂತ್ರಿ ಬಂದ್ರೂ ಇದೇ ತೊಟ್ಟಿ."

ಜನವರಿಯ ತೊಟ್ಟಿ ನೀರು. ಹಲ್ಲು ಕಟಕಟ ಅನ್ನುತ್ತಿದ್ದಾಗಲೇ ತೇಜಸ್ವಿನಿ ಕಾಸನ್ನು ಹೊಸಿಲ ಕಲ್ಲಿನ ಮೇಲೆ ಬಿಟ್ಟಳು.

ಠಣ್ ಅಂದಿತು. ಕೊಟ್ಟಿಗೆಯಲ್ಲಿದ್ದ ಎಮ್ಮೆ ತಲೆಯೆತ್ತಿ ನೋಡಿತು. ಅಂಚಿನಲ್ಲಿ ಗೆರೆಯಿಲ್ಲ, ಅರದ ಗುರುತಿಲ್ಲ. ದೊಡ್ಡಕ್ಕ ಸೋಮಾರಿ; ಐವತ್ತು ವರ್ಷದಲ್ಲಿ ಹುಣಸೆಹಣ್ಣನ್ನು ಸಾರಿಗೆ ಬಿಟ್ಟು ಇನ್ಯಾವುದಕ್ಕೂ ಖರ್ಚು ಮಾಡಿದವರಲ್ಲ. ಹಾಗಾಗಿ ಚಕ್ರವರ್ತಿಗೆ ಕಣ್ಣು, ತುಟಿ ಎರಡೂ ಉಳಿದಿದ್ದವು.

ಹೊರಡುವಾಗ ದೊಡ್ಡಕ್ಕ ಕೇಳಿದರು: "ಚೆನ್ನಿ ಗಂಡ, ಮೇಷ್ಟ್ರು, ಹೆಂಗವ್ರೆ? ಗೃಹಪ್ರವೇಶದ ಫೋಟೋದಾಗೆ ಅಂಚಿಗೆ ನಿಲ್ಲಿಸ್ಬುಟ್ಟೆ ಅಂತ ಇಪ್ಪತ್ತು ವರ್ಷದಿಂದ ಮಾತು ಬುಟ್ಟವ್ರೆ. ಕ್ಯಾಮೆರಾದೋನು ಕತ್ತರಿಸಿದ್ದಕ್ಕೆ ನಾನೇನ್ ಮಾಡ್ಲಿ?"

ಆರನೇ ಅಧ್ಯಾಯ ನಾಲ್ಕು ದಿನದಲ್ಲಿ ಮುಗಿಯಿತು. ಅದನ್ನು ಹಿಡಿದುಕೊಂಡು ಗೈಡ್ ಮನೆಯ ಮೆಟ್ಟಿಲು ಹತ್ತುವಾಗ ಉಳಿದಿದ್ದದ್ದು ಮೂರು ದಿನ. ದಾರಿಯಲ್ಲಿ ಅವಳು ಬೇರೊಂದು ಅಧ್ಯಾಯವನ್ನು ಮನಸ್ಸಿನಲ್ಲೇ ಬರೆದು ನೋಡಿದ್ದಳು: ಮಧುಗಿರಿ ನಾಣ್ಯ ಅಪ್ಪಟ, ಗೈಡ್ ಮಹಾ ವಿದ್ವಾಂಸ, ಸಹಿ, ಕೆಲಸ. ಎರಡು ಪುಟ ಸಾಕಾಗಿತ್ತು. ಹಾಗೆ ಬರೆದರೆ ನಾಲ್ಕನೇ ಅಧ್ಯಾಯವನ್ನು ಕಿತ್ತುಹಾಕಬೇಕಿತ್ತು. ಇಪ್ಪತ್ತು ಪುಟ ಟೈಪು ಮಾಡಿದ್ದು ಅವಳೇ, ಎರಡು ಬೆರಳಿನಲ್ಲಿ. ಕಿತ್ತುಹಾಕಲು ಮನಸ್ಸು ಬರಲಿಲ್ಲ.

ನಂದೀಶ್ವರಯ್ಯ ಓದಿದರು. ಏಳು ವರ್ಷದಲ್ಲಿ ಅವಳದ್ದೊಂದು ಅಧ್ಯಾಯವನ್ನು ಅವರು ಪೂರ್ತಿ ಓದಿದ್ದು ಅದೇ ಮೊದಲು.

"ಯಾರೋ ಪೇಟೆ ಸಾಹೇಬರ ಮಾತು ನಂಬಿಕೊಂಡು ನನ್ನ ನಾಣ್ಯಕ್ಕೆ ಎರಕ ಅಂತೀಯಾ? ಬೆಟ್ಟದ ಬುಡದಲ್ಲಿ ನನ್ನ ಕೈಯಾರೆ ಆಯ್ದದ್ದು! ಸಹಿ ಇಲ್ಲ. ಹೋಗು."

ಅಡುಗೆಮನೆಯಿಂದ ಚನ್ನಮಲ್ಲಮ್ಮ ಕೈ ಒರೆಸಿಕೊಳ್ಳುತ್ತಾ ಬಂದರು. ದೇವರ ಕೋಣೆಗೆ ಹೋಗಿ, ಕಾಸು ತಂದು, ಗಂಡನ ಕಾಲಬುಡದ ಕಡಪಾ ಕಲ್ಲಿನ ಮೇಲೆ ಬಿಟ್ಟರು.

ಟಪ್.

"ಮೂರು ಕಾಸನ್ನೂ ಮಡಿಕೇಲಿ ಹಾಕಿ ನಮ್ಮಪ್ಪ ನಮ್ಮ ಕೈಯಲ್ಲೇ ಎತ್ತಿಸಿದ್ರು ಕಣ್ರೀ. ನಂಗಾಗ ಹತ್ತು ವರ್ಷ. ಎರಡು ಮಾಡಿಸಿದ್ದು ಅಂತ ನಂಗೊತ್ತು."

"ಗೊತ್ತಿದ್ದೂ ಮೂವತ್ತಮೂರು ವರ್ಷ ಸುಮ್ಮನಿದ್ದೆಯಾ!"

"ನೀವು ಕೇಳಿದ್ರಾ? ಮದುವೆ ಆದ ವರ್ಷ ಪೆಟ್ಟಿಗೆಯಿಂದ ತಗೊಂಡೋಗಿ ಫೋಟೋ ಹೊಡೆಸಿದ್ರಿ. ಪೇಪರ್ನಲ್ಲಿ ಬೆಟ್ಟದ ಬುಡದಲ್ಲಿ ಸಿಕ್ತು ಅಂತ ಬಂತು. ಇವ್ರಿಗೆ ಅಲ್ಲೂ ಒಂದು ಸಿಕ್ಕಿರಬೇಕು ಅಂದ್ಕೊಂಡೆ."

ನಂದೀಶ್ವರಯ್ಯ ಪೆನ್ನಿನ ಕ್ಯಾಪನ್ನು ತೆಗೆದರು, ಮುಚ್ಚಿದರು. ತೇಜಸ್ವಿನಿ ಬಾಗಿಲ ಬಳಿ ನಿಂತು, ಕೋಳಿ ಸಾಕಲು ತನ್ನ ಬಾಡಿಗೆ ಕೋಣೆಯಲ್ಲಿ ಜಾಗ ಎಲ್ಲಿದೆ ಎಂದು ಲೆಕ್ಕ ಹಾಕಿದಳು. 

"ನಿಜದ್ದು ಕೊಳಾಲದಲ್ಲಿದೆ ಅಂತೀಯಾ?"

"ಹೌದು ಸಾರ್."

"ಹಂಗಾದ್ರೆ ಅದನ್ನ ಮೊದಲು ಪ್ರಕಟಿಸಬೇಕಾದವನು ನಾನು. ಲೇಖನದಲ್ಲಿ ನನ್ನ ಹೆಸರು ಮೊದಲು, ನಿಂದು ಆಮೇಲೆ. ಒಪ್ಪಿದರೆ ಸಹಿ."

"ನಿಮ್ಮ ಹೆಸರು ಹಾಕಕ್ಕೆ ನನ್ನ ಅಡ್ಡಿ ಇಲ್ಲ ಸಾರ್. ಆದರೆ ನೀವು ಅದನ್ನ ನೋಡಿಲ್ಲ."

"ಫೋಟೋ..."

"ಸಾರ್," ಎಂದಳು ತೇಜಸ್ವಿನಿ. ಚನ್ನಮಲ್ಲಮ್ಮ ಆಗಲೇ ಒಳಗೆ ಹೋಗಿ ಗಂಡನ ಪಂಚೆ, ಟವೆಲು ಮಡಿಸಿ ಚೀಲಕ್ಕೆ ತುಂಬುತ್ತಿದ್ದರು.

ಮರುದಿನ ಹತ್ತು ಗಂಟೆಗೆ ಪ್ರೊಫೆಸರ್ ನಂದೀಶ್ವರಯ್ಯ ಹೆಂಡತಿ, ತೇಜಸ್ವಿನಿ ಇಬ್ಬರ ಜೊತೆ ಬಂದು ಕೊಳಾಲದ ತೊಟ್ಟಿಯ ಪಕ್ಕ ಟವೆಲು ಸುತ್ತಿಕೊಂಡು ನಿಂತಿದ್ದರು.

"ಬರೀ ಕಾಲ್ ತೊಳ್ಕೊಂಡ್ರೆ ಆಗಾಕಿಲ್ಲ ಮೇಷ್ಟ್ರೇ. ತಲೇಗೆ. ಇನ್ನೊಂದ್ ಚೊಂಬು. ಕಿವಿ ಹಿಂದ್ಗಡೆ ನೀರೇ ಬಿದ್ದಿಲ್ಲ ನೋಡಿ."

"ಸಾಕು ದೊಡ್ಡಕ್ಕ, ವಯಸ್ಸಾಯ್ತು..."

"ಇಪ್ಪತ್ತು ವರ್ಷಕ್ಕೆ ಬಂದೀರಿ, ಇನ್ನೆರಡು ಚೊಂಬು ಹುಯ್ಕೊಂಡು ಬನ್ನಿ."

ನಡುಗುತ್ತಾ ಬಂದು ಹೊಸಿಲ ಬಳಿ ಕೂತರು. ಕಾಸನ್ನು ಅಂಗೈಯಲ್ಲಿ ಇಟ್ಟುಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ತಾವಾಗಿಯೇ ಕಲ್ಲಿನ ಮೇಲೆ ಬಿಟ್ಟರು. ಠಣ್. ಎತ್ತಿ, ಇನ್ನೊಂದು ಸಲ ಬಿಟ್ಟರು. ಮೂರನೇ ಸಲ ದೊಡ್ಡಕ್ಕ ಕೈ ಹಿಡಿದರು: "ಆಡೋ ಸಾಮಾನಲ್ಲ ಅದು, ಕೊಡಿ ಇತ್ತ."

"ಖೋಟಾ ಅಂತ ಬರೆದಿಲ್ಲ ತಾನೇ?" ಎಂದು ಮೆಲ್ಲಗೆ ತೇಜಸ್ವಿನಿಯನ್ನು ಕೇಳಿದರು.

"ಇಲ್ಲ ಸಾರ್. ಶಿರಾ ಎರಕ ಅಂತ ಬರೆದಿದೀನಿ. ನಸ್ರುಲ್ಲಾ ಚಾಚಾ ಹಂಗೇ ಬರೀ ಅಂದ್ರು."

"ಒಳ್ಳೇ ಮನುಷ್ಯ," ಎಂದು ಪೆನ್ನು ಕೇಳಿದರು. ಸಹಿ ಹಾಕುವಾಗ ತಲೆಯಿಂದ ನೀರು ತೊಟ್ಟಿಕ್ಕಿ ಕೊನೆಯ ಎರಡು ಅಕ್ಷರ ಕದಡಿದವು. ಹಾಗಾಗಿ ಇನ್ನೊಂದು ಪ್ರತಿಗೂ ಹಾಕಿಸಿಕೊಂಡಳು.

"ಒಂದು ಫೋಟೋ ತಗಿಯಮ್ಮ," ಎಂದರು ದೊಡ್ಡಕ್ಕ, ಸೆರಗು ಸರಿಮಾಡಿಕೊಂಡು. "ಮೇಷ್ಟ್ರೇ, ಮಧ್ಯಕ್ಕೆ ಬನ್ನಿ. ಊಹ್ಞೂಂ, ಮಧ್ಯಕ್ಕೆ. ಆಮೇಲೆ ಅಂಚಿಗೆ ನಿಲ್ಲಿಸಿದ್ಲು ಅಂತ ಇನ್ನಿಪ್ಪತ್ತು ವರ್ಷ ಮುನಿಸ್ಕಬ್ಯಾಡಿ."

"ತಡಿ ದೊಡ್ಡಕ್ಕ, ಅಂಗಿ ಹಾಕ್ಕೊಂಡು..."

ತೇಜಸ್ವಿನಿ ಕ್ಲಿಕ್ಕಿಸಿಬಿಟ್ಟಿದ್ದಳು. ಇಪ್ಪತ್ತೊಂಬತ್ತನೇ ತಾರೀಖು ಯೂನಿವರ್ಸಿಟಿಗೆ ಹೋದ ಪ್ರಬಂಧದ ಕೊನೆಯ ಪುಟದಲ್ಲಿ ಆ ಫೋಟೋ ಇದೆ. ಒಂದು ಕಡೆ ದೊಡ್ಡಕ್ಕ, ಇನ್ನೊಂದು ಕಡೆ ಚನ್ನಮಲ್ಲಮ್ಮ, ನಡುವೆ ಒದ್ದೆ ಟವೆಲಿನಲ್ಲಿ ಪ್ರೊಫೆಸರ್. ಅಡಿಯಲ್ಲಿ ಹೀಗೆ ಬರೆದಿದೆ: 'ಚಿತ್ರ ೧೪: ಕೊಳಾಲದ ನಾಣ್ಯ. ಮಾರ್ಗದರ್ಶಕರು ಕೈಯಲ್ಲಿ ಹಿಡಿದು ನೋಡಿದ್ದಾರೆ.'