ಬಿದ್ದದ್ದು ಗಿಟಾರ್

ಬಿದ್ದದ್ದು ಗಿಟಾರ್. ಓಡಿ ಬಂದವರು ಹಿಡಿದುಕೊಂಡದ್ದು ಮಾತ್ರ ಅವಳನ್ನು.

ಬಸ್ ಡಿಪೋ ನೌಕರರ ವಾರ್ಷಿಕ ಕೂಟದಲ್ಲಿ, ಮೂರನೆಯ ಹಾಡಿನ ನಡುವೆ ಇದು ನಡೆಯಿತು. ಬೇಸ್ ಗಿಟಾರಿನ ಹೆಗಲಪಟ್ಟಿ ಹಿಂಬದಿಯ ಗುಂಡಿಯಿಂದ ಕಳಚಿಕೊಂಡಿತು. ನಾಲ್ಕು ಕಿಲೋ ತೂಕದ ವಾದ್ಯ ಅವಳ ಮೊಣಕಾಲಿಗೆ ಬಡಿದು ವೇದಿಕೆಯ ಹಲಗೆಯ ಮೇಲೆ ಬಿತ್ತು. ವಯರ್ ಸಿಕ್ಕಿಸಿಯೇ ಇದ್ದುದರಿಂದ ಆ ಸದ್ದು ಸ್ಪೀಕರಿನಲ್ಲಿ ಗೋಡೆ ಕುಸಿದಂತೆ ಕೇಳಿತು. ಅವಳು ನೆಟ್ಟಗೇ ನಿಂತಿದ್ದಳು. ಅಕ್ಕ ಹಾಡು ಬಿಟ್ಟು ಬಂದು ಅವಳ ಎಡಗೈ ಹಿಡಿದಳು. ಭಾವ ತನ್ನ ಗಿಟಾರನ್ನು ಬೆನ್ನಿಗೆ ಸರಿಸಿ ಬಲಗೈ ಹಿಡಿದ. ಮುಂದಿನ ಸಾಲಿನಲ್ಲಿದ್ದ ಕಂಡಕ್ಟರ್ ಒಬ್ಬ ವೇದಿಕೆ ಹತ್ತಿ ಬಂದು ಬೆನ್ನಿಗೆ ಕೈ ಕೊಟ್ಟ. ಯಾರೋ "ನೀರು, ನೀರು" ಎಂದರು.

"ನಂಗೇನಾಗಿದೆ? ಗಿಟಾರ್ ಎತ್ತಿ!" ಎಂದಳು.

ಯಾರೂ ಎತ್ತಲಿಲ್ಲ. ಕುರ್ಚಿ ತಂದರು.

ಅವಳ ಎಡಗಾಲು ಹುಟ್ಟಿನಿಂದಲೇ ಬಲಗಾಲಿಗಿಂತ ಒಂದೂವರೆ ಇಂಚು ಗಿಡ್ಡ. ಎಡಗಾಲಿನ ಬೂಟಿಗೆ ಅಷ್ಟೇ ದಪ್ಪದ ಅಟ್ಟೆ ಇದೆ. ನಡೆಯುವಾಗ ವಾಲುತ್ತಾಳೆ, ನಿಂತಾಗ ವಾಲುವುದಿಲ್ಲ. ಈ ವ್ಯತ್ಯಾಸ ಅವಳಿಗೆ ಗೊತ್ತಿತ್ತು. ಬೇರೆಯವರಿಗೆ ಗೊತ್ತು ಮಾಡಿಕೊಳ್ಳುವ ಪುರಸೊತ್ತು ಇರಲಿಲ್ಲ. ಚಿಕ್ಕಂದಿನಿಂದ ಅವಳು ಅತಿ ಹೆಚ್ಚು ಕೇಳಿದ ಮಾತೆಂದರೆ "ನೀನು ಕೂತ್ಕೋ." ಶಾಲೆಯ ಪ್ರತಿ ಫೋಟೋದಲ್ಲೂ ಗೆಳತಿಯರೆಲ್ಲ ಹಿಂದೆ ನಿಂತಿದ್ದರೆ ಅವಳೊಬ್ಬಳು ಮೇಷ್ಟ್ರುಗಳ ಸಾಲಿನಲ್ಲಿ, ಹೆಡ್‌ಮಾಸ್ತರರ ಪಕ್ಕದಲ್ಲಿ, ನಿವೃತ್ತಿಗೆ ಬಂದವಳಂತೆ ಕೂತಿದ್ದಾಳೆ. ಭಾವನ ವಾದ್ಯತಂಡದಲ್ಲಿ ಬೇಸ್ ನುಡಿಸುತ್ತಿದ್ದವನು ಊರು ಬಿಟ್ಟಾಗ ಅವಳು ಹಳೆಯ ಗಿಟಾರೊಂದನ್ನು ಕೊಂಡು ಎರಡು ವರ್ಷ ಹಟ ಹಿಡಿದು ಕಲಿತಳು. ಡ್ರಮ್ಸ್ ನುಡಿಸುವ ಬಸ್ ಡ್ರೈವರ್ ಒಬ್ಬನನ್ನು ಬಿಟ್ಟರೆ ಆ ತಂಡದಲ್ಲಿ ಎಲ್ಲರೂ ವೇದಿಕೆಯಲ್ಲಿ ನಿಲ್ಲುತ್ತಿದ್ದರು. ಅವಳೂ ನಿಂತಳು.

ಕಸುಬಿನಲ್ಲಿ ಅವಳು ಹೊಲಿಗೆ ಯಂತ್ರ ರಿಪೇರಿ ಮಾಡುವವಳು. ಗಿರಾಕಿಗಳು ಕರೆಯುವುದು 'ಮೆಷಿನಕ್ಕ' ಎಂದು. ಉದ್ದನೆಯ, ಕಿರಿದಾದ ಅಂಗಡಿ. ಎರಡೂ ಗೋಡೆಗೆ ಬಿಚ್ಚಿಟ್ಟ ಯಂತ್ರಗಳು, ನಡುವೆ ಒಂದು ಬೆಂಚು. ಕೈಗೆಟಕುವಲ್ಲಿ ಉದ್ದ ಮೂತಿಯ ಎಣ್ಣೆ ಡಬ್ಬಿ. ಬಿಗಿಯಾದದ್ದು, ಕಿರುಗುಟ್ಟುವುದು ಏನೇ ಕಂಡರೂ ಅವಳ ಕೈ ತಾನಾಗಿ ಅದರತ್ತ ಹೋಗುತ್ತದೆ. ಅಕ್ಕನ ಮನೆಯ ಬಾಗಿಲು, ಪಕ್ಕದಂಗಡಿಯ ಷಟರ್, ಒಮ್ಮೆ ದಂತವೈದ್ಯರ ಕುರ್ಚಿಗೂ ಅವಳು ಎಣ್ಣೆ ಬಿಟ್ಟದ್ದುಂಟು.

ಕೂಟದ ಮರುದಿನ ಭಾವ ಅಂಗಡಿಗೆ ಬಂದ. ಅವನದು ಕನ್ನಡಕದ ಅಂಗಡಿ. ಊಟದ ಬಿಡುವಿನಲ್ಲಿ ಬಂದಿದ್ದ. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ.

"ಬೈಯೋಕೆ ಬಂದಿಲ್ಲಮ್ಮ ನಾನು."

"ಅದಕ್ಕೇ ಭಯ ಆಗ್ತಿದೆ. ನೀವು ಯಾವತ್ತೂ ಬಿಸ್ಕತ್ತು ತಂದವರಲ್ಲ."

ಅವನು ಬೆಂಚಿನ ತುದಿಯಲ್ಲಿ ಕೂತ. "ಪ್ರಿಂಟಿಂಗ್ ಪ್ರೆಸ್‌ನವರ ಕಾರ್ಯಕ್ರಮಕ್ಕೆ ಒಂದು ಕುರ್ಚಿ ಹೇಳಿದೀನಿ. ಕೈ ಇಲ್ಲದ ಕುರ್ಚಿ. ಗಿಟಾರ್‌ಗೆ ಅಡ್ಡ ಬರಲ್ಲ."

"ನೀವೂ ಕೂರ್ತೀರಾ?"

"ನಾನ್ಯಾಕೆ ಕೂರ್ಲಿ?"

"ಮತ್ತೆ ನಾನ್ಯಾಕೆ? ಕಳಚಿದ್ದು ಪಟ್ಟಿ, ಭಾವ."

"ನನ್ನ ಪಟ್ಟಿ ನಿನ್ನದಕ್ಕಿಂತ ಹಳೇದು. ಒಂದು ದಿನಾನೂ ಕಳಚಿಲ್ಲ. ನೆಟ್ಟಗೆ ನಿಂತವರ ಪಟ್ಟಿ ಸುಮ್ನೆ ಯಾಕೆ..." ಎಂದವನು ಅವಳ ಮುಖ ನೋಡಿ ನಿಲ್ಲಿಸಿದ. "ನಾನು ಆ ಅರ್ಥದಲ್ಲಿ ಹೇಳಲಿಲ್ಲ."

"ಆ ಅರ್ಥದಲ್ಲೇ ಹೇಳಿದ್ರಿ."

"ನೋಡು, ಕೂತಾದ್ರೂ ನುಡಿಸು ಅಂತಿದೀನಿ. ಬೇರೆಯವರಾಗಿದ್ರೆ ಕೀಬೋರ್ಡಿನವನ ಎಡಗೈಗೆ ಬೇಸ್ ಒಪ್ಪಿಸಿ ಸುಮ್ಮನಾಗ್ತಿದ್ರು. ಅವನು ರೆಡಿ ಇದಾನೆ ಬೇರೆ."

ಬಿಸ್ಕತ್ತು ಬೆಂಚಿನ ಮೇಲೆಯೇ ಉಳಿಯಿತು.

ಅವಳ ಪಟ್ಟಿಯೂ ಹಳತೇ. ತುದಿಯ ಚರ್ಮದ ತೂತು ಹಿಗ್ಗಿ ಸಡಿಲವಾಗಿತ್ತು. ಗಿಟಾರಿನ ಲೋಹದ ಗುಂಡಿಗೆ ಸಿಕ್ಕಿಸಿದರೆ ಒಂದು ಜಗ್ಗಿಗೆ ಹೊರಬರುತ್ತಿತ್ತು. ಇದಕ್ಕೆಂದೇ ಉಕ್ಕಿನ ಲಾಕು ವಾದ್ಯದ ಅಂಗಡಿಯಲ್ಲಿ ಸಿಗುತ್ತದೆ. ಬೆಲೆ ಕೇಳಿ ಅವಳು 'ಆಮೇಲೆ ಬರ್ತೀನಿ' ಎಂದು ಎದ್ದು ಬಂದಿದ್ದಳು. ಅವಳದೇ ಡ್ರಾಯರಿನಲ್ಲಿ ಅದಕ್ಕಿಂತ ಒಳ್ಳೆಯದಿತ್ತು. ಹೊಲಿಗೆ ಯಂತ್ರದಲ್ಲಿ ಬಾಬಿನ್‌ಗೆ ದಾರ ಸುತ್ತಲು ಒಂದು ಪುಟ್ಟ ಗಾಲಿ ಇರುತ್ತದೆ. ಆ ಗಾಲಿಯ ಅಂಚಿಗೆ ಬೆರಳುಂಗುರಕ್ಕಿಂತ ಚಿಕ್ಕದಾದ ರಬ್ಬರ್ ಬಳೆ. ದೊಡ್ಡ ಚಕ್ರವನ್ನು ಅದು ಬಿಗಿಯಾಗಿ ಒತ್ತಿ ಹಿಡಿದರೆ ಗಾಲಿ ತಿರುಗುತ್ತದೆ. ಪಟ್ಟಿ ಸಿಕ್ಕಿಸಿದ ಮೇಲೆ ಅಂಥದೊಂದು ಬಳೆಯನ್ನು ಎಳೆದು ಗುಂಡಿಯ ತಲೆ ದಾಟಿಸಿ ಕುತ್ತಿಗೆಯಲ್ಲಿ ಕೂರಿಸಿದರೆ ಚರ್ಮ ಹೊರಗೆ ಬರಲಾರದು. ಡಿಪೋದ ಕೂಟದ ದಿನ ಅವಳು ಮಾಡಿದ್ದು ಅದನ್ನೇ. ಆದರೂ ಪಟ್ಟಿ ಕಳಚಿತು. ಬಳೆ ಎಲ್ಲಿ ಉರುಳಿತೋ, ಸಿಗಲಿಲ್ಲ.

ಕೂಟಕ್ಕೆ ಮುಂಚೆ ನಿಂತು ಪರೀಕ್ಷಿಸಿಯೂ ಇರಲಿಲ್ಲ. ಅಭ್ಯಾಸ ನಡೆಯುವುದು ಭಾವನ ಮನೆಯ ಸಣ್ಣ ಕೋಣೆಯಲ್ಲಿ. ಡ್ರಮ್ಸ್ ಇಟ್ಟ ಮೇಲೆ ಉಳಿದವರಿಗೆ ಮಂಚದ ಅಂಚೇ ಗತಿ.

ಆ ಮಧ್ಯಾಹ್ನವೇ ಪರೀಕ್ಷೆಗೆ ಇಳಿದಳು. ಯಂತ್ರಗಳನ್ನು ತೂಗುಹಾಕುವ ಕೊಕ್ಕೆ ಅಂಗಡಿಯ ಬಾಗಿಲಲ್ಲೇ ಇತ್ತು. ಅದಕ್ಕೆ ಪಟ್ಟಿ ಸಿಕ್ಕಿಸಿ, ಗಿಟಾರಿಗೆ ಹಳೆಯ ಕಬ್ಬಿಣದ ಚಕ್ರಗಳ ಚೀಲ ಕಟ್ಟಿ, ಕೆಳಗೆ ಹಳೇ ಪರದೆಗಳ ಗಂಟು ಹಾಸಿ, ಹಿಡಿದು ಕುಲುಕಿದಳು. ಬರಿಯ ಪಟ್ಟಿ ಕೂಡಲೇ ಬಿತ್ತು. ಬೂಟಿನ ಲೇಸಿನಿಂದ ಬಿಗಿದು ಕಟ್ಟಿದಾಗ ನಿಂತಿತು, ಕುಲುಕುತ್ತ ಹೋದಂತೆ ಗಂಟು ಸಡಿಲಾಯಿತು. ಸೈಕಲ್ ಟ್ಯೂಬಿನಿಂದ ರೂಪಾಯಿಯಷ್ಟು ಅಗಲದ ಬಿಲ್ಲೆ ಕತ್ತರಿಸಿ ನಡುವೆ ತೂತು ಮಾಡಿ ಹಾಕಿದಳು, ನಿಂತಿತು. ನಲ್ಲಿಯ ವಾಷರ್ ಬಿಗಿಯಾಗಿ, ಎಳೆಯುವಾಗಲೇ ಸೀಳಿತು. ಕೊನೆಗೆ ಬಾಬಿನ್ನಿನ ಹೊಸ ಬಳೆ. ಅವಸರವಿರಲಿಲ್ಲ, ಹೆಬ್ಬೆರಳಿನಿಂದ ಸುತ್ತಲೂ ಒತ್ತುತ್ತ ನಿಧಾನವಾಗಿ ಏರಿಸಿದಳು. ಕುಲುಕಿದಳು, ಜಗ್ಗಿದಳು, ಚೀಲಕ್ಕೆ ಇನ್ನೂ ಎರಡು ಚಕ್ರ ಸೇರಿಸಿದಳು. ಬಳೆ ಅಲ್ಲಾಡಲಿಲ್ಲ. ದಾರಿಹೋಕರು ನಿಂತು ನೋಡಿದರು. "ಮೆಷಿನಕ್ಕ ಗಿಟಾರ್‌ಗೆ ನೇಣು ಹಾಕಿದಾಳೆ" ಎಂದು ಎದುರಿನ ಬೀಗದ ಅಂಗಡಿಯವನು ಕೂಗಿದ.

ಅವಳು ನಗಲಿಲ್ಲ. ಬಳೆ ಇಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂದಮೇಲೆ ಆ ದಿನ ಗಿಟಾರ್ ಬಿದ್ದದ್ದೇಕೆ? ಉಳಿದಿದ್ದು ಒಂದೇ ಕಾರಣ, ಭಾವ ಅರ್ಧಕ್ಕೆ ನುಂಗಿದ್ದು. ನಿಂತಾಗ ನಾನು ವಾಲುವುದಿಲ್ಲ ಎಂದು ಅಂದುಕೊಂಡಿರುವುದೇ ಸುಳ್ಳೇ? ಮೂರನೆಯ ಹಾಡಿನಲ್ಲಿ ಮೈಮರೆತು ಎಡಕ್ಕೆ ಜಗ್ಗಿದ್ದಳೇ? ಆ ರಾತ್ರಿ ಅವಳು ಕನ್ನಡಿಯ ಮುಂದೆ ನಿಂತುಕೊಳ್ಳಲು ಹೋಗಿ, ಬೇಡವೆಂದು ತಿರುಗಿ ಬಂದಳು.

ಕಾರ್ಯಕ್ರಮ ಹತ್ತಿರ ಬಂದಾಗ ಪರದೆ ಹೊಲಿಯುವ ಹೆಂಗಸೊಬ್ಬಳು ಯಂತ್ರವನ್ನು ಆಟೋದಲ್ಲಿ ಹಾಕಿಕೊಂಡು ಬಂದಳು.

"ಮೆಷಿನಕ್ಕಾ, ದಾರ ಸುತ್ತಲ್ಲ ಅಂತಿದೆ. ಗಾಲಿ ಸುಮ್ನೆ ಒಂದೇ ಕಡೆ ಜಾರ್ತಿದೆ."

ಅವಳು ಬಳೆಯ ಮೇಲೆ ಬೆರಳಾಡಿಸಿ ಮೂಸಿದಳು. "ಎಣ್ಣೆ ಹಾಕಿದೀಯ."

"ಎಲ್ಲಾ ಕಡೆ ಹಾಕ್ತಿದ್ದೆ, ಅಲ್ಲೂ ಒಂದೇ ಒಂದು ತೊಟ್ಟು..."

"ಎಷ್ಟು ಸಲ ಬಡ್ಕೊಳ್ಳಲಿ ನಾನು? ಕಬ್ಬಿಣಕ್ಕೆ ಎಣ್ಣೆ. ರಬ್ಬರಿಗೆ ಮುಟ್ಟಿಸಬೇಡಿ ಅಂತ ಒಬ್ಬೊಬ್ಬರಿಗೂ ಹೇಳಿ ಹೇಳಿ ನನ್ನ ಗಂಟಲು ಹರಿದಿದೆ. ಎಣ್ಣೆ ಬಿದ್ದ ರಬ್ಬರ್ ಏನನ್ನ ಹಿಡಿಯುತ್ತೆ? ಜಾರಿ..."

ಅವಳು ಎಣ್ಣೆ ಡಬ್ಬಿಯತ್ತ ತಿರುಗಿದಳು.

"ಜಾರಿ?" ಎಂದಳು ಪರದೆಯವಳು.

"ಬೀಳುತ್ತೆ."

ಡಿಪೋ ಕೂಟದ ದಿನ ಅಂಗಡಿಯ ಹೊರಗೆ ತಂಡದ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಬಳೆ ಗುಂಡಿಯ ತಲೆ ದಾಟುತ್ತಿರಲಿಲ್ಲ. ಕೈ ಎಣ್ಣೆ ಡಬ್ಬಿಗೆ ಹೋಗಿತ್ತು. ಒಂದೇ ತೊಟ್ಟು. ಬಳೆ ಬೆಣ್ಣೆಯಂತೆ ಏರಿತ್ತು. ಅವಳು ಅದನ್ನೇ ಒಳ್ಳೆಯ ಕೆಲಸ ಎಂದುಕೊಂಡಿದ್ದಳು.

ಅವಳು ಬಿದ್ದು ಬಿದ್ದು ನಕ್ಕಳು.

"ಬೈದವರೇ ನಗೋದನ್ನ ಇವತ್ತೇ ನೋಡಿದ್ದು," ಎಂದಳು ಪರದೆಯವಳು.

"ಹೋಗಬೇಡ, ಇರು. ಸಾಕ್ಷಿ ಬೇಕು."

ಹೊಸ ಬಳೆಗೆ ಒಂದು ತೊಟ್ಟು ಎಣ್ಣೆ ಬಿಟ್ಟು ಕೂರಿಸಿ, ಗಿಟಾರನ್ನು ಕೊಕ್ಕೆಗೆ ಹಾಕಿ ಕುಲುಕಿದಳು. ಬಳೆ ಸರಿದು, ತಿರುಗಿ, ಗುಂಡಿಯ ತಲೆಯ ಮೇಲಿಂದ ಹಾರಿತು. ಗಿಟಾರ್ ಪರದೆಗಳ ಗಂಟಿನ ಮೇಲೆ ಧೊಪ್ಪನೆ ಕೂತಿತು. ಮತ್ತೊಮ್ಮೆ ಮಾಡಿದಳು, ಮತ್ತೆ ಬಿತ್ತು. ಎಣ್ಣೆ ಒರೆಸಿ, ಸೋಪು ಹಾಕಿ ತೊಳೆದು, ಒಣಗಿಸಿ, ನೀರು ಮಾತ್ರ ಸವರಿ ಏರಿಸಿದಳು; ನೀರು ಆರಿದ ಮೇಲೆ ಇಬ್ಬರೂ ಸೇರಿ ಜಗ್ಗಿದರೂ ಕದಲಲಿಲ್ಲ.

ಅಂಗಡಿಯನ್ನು ಪರದೆಯವಳಿಗೆ ಒಪ್ಪಿಸಿ ಅವಳು ನೇರ ಕನ್ನಡಕದ ಅಂಗಡಿಗೆ ಹೋದಳು. ಭಾವ ಗಿರಾಕಿಯೊಬ್ಬರ ಮೂಗಿನ ಮೇಲೆ ಫ್ರೇಮ್ ಕೂರಿಸುತ್ತಿದ್ದ.

"ಭಾವ, ತಪ್ಪು ನಂದೇ!" ಬಾಗಿಲಿನಿಂದಲೇ ಹೇಳಿದಳು. ಲಾಟರಿ ಹೊಡೆದವರ ದನಿಯದು.

"ಇರ್ಲಿ ಬಿಡು, ಯಾರ ತಪ್ಪೂ ಅಲ್ಲ."

"ಯಾಕೆ ಬಿಡ್ಲಿ? ರಬ್ಬರಿಗೆ ಎಣ್ಣೆ ಹಾಕಿದ್ದೆ. ಕಸುಬಿನವಳಾಗಿ ಹಾಕಿದ್ದೆ. ತಪ್ಪು ನನ್ನ ಕೈಯದ್ದು. ಕಾಲಿಗೆ ಅದರಲ್ಲಿ ಪಾಲಿಲ್ಲ."

"ಸರಿ ಸರಿ, ಗೊತ್ತಾಯ್ತು. ಬೇಜಾರು ಮಾಡ್ಕೋಬೇಡ."

"ಬೇಜಾರಲ್ಲ ಭಾವ, ಬೈಯಿರಿ. ಡ್ರಮ್ಮರ್ ಕೋಲು ಬೀಳಿಸಿದ ದಿನ ವ್ಯಾನಿನಲ್ಲಿ ಮನೆ ತನಕ ಬೈದ್ರಲ್ಲ, ಹಾಗೆ."

ಗಿರಾಕಿ ಹೊಸ ಕನ್ನಡಕದೊಳಗಿಂದ ಇಬ್ಬರನ್ನೂ ನೋಡಿದರು. ಭಾವ ಬಾಯಿ ತೆರೆದ. ಬೈಗುಳ ಬರಲಿಲ್ಲ.

"ಕುರ್ಚಿ ಒಂದು ಪಕ್ಕಕ್ಕೆ ಇರ್ಲಿ," ಎಂದ ಕೊನೆಗೆ. "ನಮ್ಮ ಸಮಾಧಾನಕ್ಕೆ. ಅದಕ್ಕೂ ಒಪ್ಪಲ್ಲ ಅಂದ್ರೆ ಕೀಬೋರ್ಡಿನವನಿಗೆ ಹೇಳ್ತೀನಿ. ನಿನಗೇನಾದ್ರೂ ಆದ್ರೆ ನಿಮ್ಮಕ್ಕನಿಗೆ ಉತ್ತರ ಕೊಡೋದು ನಾನು."

"ಇರ್ಲಿ," ಎಂದಳು ಅವಳು, ತುಸು ಯೋಚಿಸಿ. "ಕುರ್ಚಿ ಇರ್ಲಿ."

ಪ್ರೆಸ್‌ನವರ ಸಭಾಂಗಣ ಶಾಯಿಯ ವಾಸನೆಯ ಉದ್ದನೆಯ ಕೊಠಡಿ. ಕಾಗದದ ರೀಲುಗಳನ್ನು ಗೋಡೆಗೆ ಸರಿಸಿ ವೇದಿಕೆ ಮಾಡಿದ್ದರು. ಕುರ್ಚಿ ಅಲ್ಲಿತ್ತು. ಪಕ್ಕಕ್ಕಲ್ಲ, ಅವಳು ನಿಲ್ಲಬೇಕಾದ ಜಾಗದಲ್ಲೇ. ಅವಳು ಚೀಲದಿಂದ ಎಣ್ಣೆ ಡಬ್ಬಿಯನ್ನು ತೆಗೆದು ಕುರ್ಚಿಯ ನಟ್ಟನಡುವೆ ಇಟ್ಟಳು.

"ಇದೇನಿದು?" ಎಂದ ಭಾವ.

"ಗಿಟಾರ್ ಬೀಳಿಸಿದ್ದು ಇದೇ. ಕೂತ್ಕೊಳ್ಳಲಿ."

ಡ್ರಮ್ಮರ್ ನಕ್ಕ. ಅಕ್ಕ ಬೇರೆಡೆ ತಿರುಗಿ ನಕ್ಕಳು. ಅವಳು ಕುರ್ಚಿಯನ್ನು ಡಬ್ಬಿಯ ಸಮೇತ ಹಿಂದಕ್ಕೆ ತಳ್ಳಿ ಪಟ್ಟಿಯನ್ನು ಹೆಗಲಿಗೇರಿಸಿದಳು.

ಮೊದಲೆರಡು ಹಾಡು ಸಾಗಿದವು. ಮೂರನೆಯದು ಅದೇ ಹಾಡು. ಅಕ್ಕ ಹಾಡುತ್ತಲೇ ಒಂದೊಂದು ಹೆಜ್ಜೆ ತಂಗಿಯ ಕಡೆ ಸರಿದಳು. ಬಿಡುವಿದ್ದ ಕೈ ಅವಳ ಮೊಣಕೈಯತ್ತ ಬಂತು. ಅವಳು ಗಿಟಾರಿನ ಕುತ್ತಿಗೆಯನ್ನು ತುಸು ಹೊರಕ್ಕೆ ಚಾಚಿದಳು. ಕೈ ಹಿಂದೆ ಸರಿಯಿತು.

ಆಮೇಲೆ ಅವಳು ವಾಲಿದಳು. ಬೇಕೆಂದೇ. ದಪ್ಪ ಅಟ್ಟೆಯ ಕಾಲಿನ ಮೇಲೆ ಪೂರ್ತಿ ಭಾರ ಬಿಟ್ಟು ಎಡಕ್ಕೆ, ಪ್ರತಿ ಪೆಟ್ಟಿಗೂ ಒಮ್ಮೆ, ರಸ್ತೆಯಲ್ಲಿ ನಡೆಯುವಾಗ ಎಷ್ಟು ವಾಲುತ್ತಾಳೋ ಅಷ್ಟೂ. ಗಿಟಾರ್ ಅವಳ ಜೊತೆ ತೂಗಿತು. ಮುಂದಿನ ಸಾಲಿನಲ್ಲಿ ಬೈಂಡಿಂಗ್ ವಿಭಾಗದ ಹೆಂಗಸರು ತೂಗುತ್ತ ಚಪ್ಪಾಳೆ ತಟ್ಟಿದರು. ಭಾವನ ಕಣ್ಣು ಮಾತ್ರ ಅವಳ ಬೂಟಿನ ಮೇಲೆ ನೆಟ್ಟಿತ್ತು. ಹಾಡು ಎರಡನೇ ಭಾಗಕ್ಕೆ ತಿರುಗುವಾಗ ಬೇಸ್ ಮೊದಲು ಹೊಸ ಸ್ವರಕ್ಕೆ ಹೋಗಬೇಕು, ಭಾವನ ಗಿಟಾರ್ ಅದರ ಹಿಂದೆ. ಬೇಸ್ ಹೋಯಿತು. ಭಾವ ಹಳೆಯ ಸ್ವರದಲ್ಲೇ ಉಳಿದ. ಕರ್ಕಶವಾಗಿ ಕೇಳಿಸಿತು.

"ಕಾಲಲ್ಲ ಭಾವ, ಕೈ ನೋಡಿ!" ಅವಳು ಕೂಗಿದ್ದು ಅಕ್ಕನ ಮೈಕಿನಲ್ಲಿ ಇಡೀ ಪ್ರೆಸ್‌ಗೆ ಕೇಳಿತು.

ಭಾವನ ಮುಖ ಕೆಂಪಾಯಿತು. ಸ್ವರ ಹಿಡಿದ. ಇನ್ನೆರಡು ಸಾಲು ದಾಟಿದ ಮೇಲೆ ಅವಳ ಕಡೆ ಕತ್ತು ಚಾಚಿ, ಡ್ರಮ್ಮರ್‌ಗೆ ಬೈಯುವ ಅದೇ ದನಿಯಲ್ಲಿ ಹೇಳಿದ:

"ನಿಂಗೇನು ಬಸ್ಸು ತಪ್ಪಿಹೋಗುತ್ತಾ? ಅರ್ಧ ಪೆಟ್ಟು ಮುಂದೆ ಓಡ್ತಿದೀಯ! ತಾಳ ಅನ್ನೋದು ಒಂದಿದೆ, ಕೇಳಿಸ್ಕೋ!"

ಅವನು ಹೇಳಿದ್ದು ಸರಿಯಾಗಿತ್ತು. ಅವಳು ಅರ್ಧ ಪೆಟ್ಟು ಮುಂದಿದ್ದಳು. ಹಲ್ಲು ಕಾಣುವಷ್ಟು ನಗುತ್ತ ಇನ್ನೊಮ್ಮೆ ಎಡಕ್ಕೆ ವಾಲಿ ತಾಳಕ್ಕೆ ಇಳಿದಳು.