ದಫೇದಾರರು ಕೇಳಿದ ಕ್ಯಾಸೆಟ್

ಆ ಕ್ಯಾಸೆಟ್ ಸಿಕ್ಕಿದಂದಿನಿಂದ ಬೆಂಜಮಿನನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎಂಬತ್ತೊಂಬತ್ತನೇ ಇಸವಿ, ಮಣಿಪಾಲದಲ್ಲಿ ಅವನದೊಂದು ಗೂಡಿನಂಥ ರೆಕಾರ್ಡಿಂಗ್ ಅಂಗಡಿ. ಡಾಕ್ಟರಿಕೆ ಕಲಿಯುವ ಅಮೆರಿಕದ ಹುಡುಗನೊಬ್ಬ ರಜೆಗೆ ಊರಿಗೆ ಹೋಗಿ ಬರುವಾಗ ಅದನ್ನು ತಂದಿದ್ದ. ಅಲ್ಲಿಯ ಯಾವುದೋ ಬಡ ಕೇರಿಯ ಕಪ್ಪು ಹುಡುಗರದ್ದಂತೆ. ರಾಗದ ಗೋಜಿಲ್ಲ, ಬರೀ ತಾಳ, ತಾಳದ ಮೇಲೆ ಬೈಗುಳ. ರೇಡಿಯೋದವರು ಮುಟ್ಟುವುದಿಲ್ಲವಂತೆ, ಪೊಲೀಸರು ಕೆಂಡಾಮಂಡಲವಂತೆ. ಅಷ್ಟು ಸುದ್ದಿ ಸಾಕಾಯಿತು, ಇಲ್ಲಿಂದ ಕಾರ್ಕಳದವರೆಗೆ ಹಾಸ್ಟೆಲಿನ ಹುಡುಗರಿಗೆಲ್ಲ ಅದೇ ಬೇಕು.

ಬೆಂಜಮಿನನಿಗೆ ಬೇಕಾದದ್ದು ಅದರಲ್ಲಿ ಒಂದೇ ಹಾಡು, ಪೊಲೀಸರ ಮೇಲಿನದ್ದು. ಅದರ ಅರ್ಥವನ್ನು ಆ ಹುಡುಗನಿಂದ ಸಾಲು ಸಾಲಾಗಿ ಬಿಡಿಸಿಕೊಂಡಿದ್ದ. ಹಿಂದಿನ ವರ್ಷ ಕಾಪುವಿನಲ್ಲಿ, ಅಣ್ಣ ಡೊಮಿನಿಕ್ ಬಹರೈನಿನಿಂದ ಕಳಿಸಿದ ಟೇಪ್ ರೆಕಾರ್ಡರನ್ನು ಹೆಗಲ ಮೇಲಿಟ್ಟು ನಡೆಯುತ್ತಿದ್ದಾಗ ಪೊಲೀಸ್ ದಫೇದಾರ ವಿಠಲ ಅವನನ್ನು ತಡೆದಿದ್ದ. ‘ಎಲ್ಲಿಂದ ಕದ್ದದ್ದು?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೆನ್ನೆಗೆ ಬಾರಿಸಿದ್ದ. ಮೀನು ಕೊಳ್ಳಲು ಬಂದವರೆಲ್ಲ ನೋಡುತ್ತಿದ್ದರು. ಬೆಂಜಮಿನ್ ‘ತಪ್ಪಾಯಿತು ಸಾರ್’ ಎಂದುಬಿಟ್ಟಿದ್ದ. ಎಂಥ ತಪ್ಪು, ಯಾರ ತಪ್ಪು? ಕೆನ್ನೆಯ ಉರಿ ಸಂಜೆಗೇ ಇಳಿಯಿತು, ತಾನಾಡಿದ ಆ ಮಾತಿನ ಉರಿ ಮಾತ್ರ ಇಳಿಯಲೇ ಇಲ್ಲ.

ಒಂದು ಭಾನುವಾರ ಇಗರ್ಜಿಯಿಂದ ಬಂದು ಅಂಗಡಿಯ ಬಾಗಿಲು ತೆಗೆದಿದ್ದನಷ್ಟೆ, ಅದೇ ವಿಠಲ ಒಳಗೆ ಬಂದ. ಖಾಕಿ ಇಲ್ಲ, ಬಿಳಿ ಅಂಗಿ, ಪಂಚೆ, ಕೈಯಲ್ಲೊಂದು ಖಾಲಿ ಕ್ಯಾಸೆಟ್.

‘ಅಮೆರಿಕದ್ದು ಎಂತದೋ ಹೊಸತು ಉಂಟಂತೆ ಇಲ್ಲಿ. ಮಗ ಕಾರ್ಕಳದ ಹಾಸ್ಟೆಲಿನಲ್ಲಿದ್ದಾನೆ. ನನ್ನ ಹತ್ತಿರ ಮಾತಾಡುವುದೇ ಕಡಿಮೆ. ಈ ಸಲ ಬಾಯಿ ಬಿಟ್ಟು ಇದೊಂದು ಕೇಳಿದ. ಮಾಡಿ ಕೊಡು ಮಾರಾಯ.’

ವಿಠಲನಿಗೆ ಬೆಂಜಮಿನನ ಗುರುತೇ ಹತ್ತಿರಲಿಲ್ಲ.

‘ಕೂತುಕೊಳ್ಳಿ. ಕ್ಯಾಸೆಟ್ ಓಡಿ ಮುಗಿಯುವವರೆಗೆ ಕಾಯಬೇಕು’ ಎಂದ ಬೆಂಜಮಿನ್. ರೆಕಾರ್ಡಿಂಗ್ ಅಂಗಡಿಯ ಕ್ರಮವೇ ಅದು. ನಡುವೆ ಶಬ್ದ ಕೆಟ್ಟರೆ ತಿಳಿಯಲೆಂದು ಸ್ಪೀಕರನ್ನೂ ಹಾಕಿಡಬೇಕು. ಬೇರೆ ದಿನ ಸಣ್ಣಗೆ ಇಡುತ್ತಿದ್ದ. ಇವತ್ತು ಶಬ್ದದ ಗುಂಡಿಯನ್ನು ಪೂರ್ತಿ ತಿರುಗಿಸಿದ.

ಪೊಲೀಸರ ಹಾಡು ಬಂತು. ಬೈಗುಳ ದಬದಬನೆ ಸುರಿಯುತ್ತಿದ್ದರೆ ವಿಠಲ ಬೆಂಚಿನ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಿದ್ದ. ಬೆಂಜಮಿನ್ ಬೆನ್ನು ತಿರುಗಿಸಿ ನಕ್ಕ. ನಗು ಬಾಯಲ್ಲೇ ಕಹಿಯಾಯಿತು. ತಿಳಿಯದವನಿಗೆ ಬೈಸಿ ಏನು ಸುಖ? ಇದೂ ಬೆನ್ನ ಹಿಂದಿನ ಪೌರುಷವೇ ಆಯಿತಲ್ಲ.

‘ತಾಳ ಚೆಂದ ಉಂಟು’ ಎಂದ ವಿಠಲ. ‘ಎಂತ ಹೇಳುವುದು ಇವರು?’

‘ಪೊಲೀಸರಿಗೆ ಬೈಯುವುದು.’

ಬೆರಳು ನಿಂತಿತು. ‘ಯಾಕೆ?’

‘ದಾರಿಯಲ್ಲಿ ಹೋಗುವವರನ್ನು ಹಿಡಿದು ನಿಲ್ಲಿಸ್ತಾರಂತೆ. ಒಳ್ಳೆಯ ವಸ್ತು ಕಂಡರೆ ಕಳ್ಳ ಅಂತಾರಂತೆ.’ ಬೆಂಜಮಿನ್ ಅಲ್ಲಿಗೆ ಬಿಡಲಿಲ್ಲ. ‘ನೀವು ನನಗೆ ಹೊಡೆದಿದ್ದೀರಿ. ಕಾಪುವಿನಲ್ಲಿ, ಮೀನು ಮಾರುವಲ್ಲಿ. ಆ ಟೇಪ್ ರೆಕಾರ್ಡರ್ ನನ್ನ ಅಣ್ಣ ಕಳಿಸಿದ್ದು.’

ವಿಠಲ ಅವನ ಮುಖವನ್ನೇ ನೋಡಿದ. ನಟನೆಯಲ್ಲ, ನಿಜವಾಗಿಯೂ ನೆನಪಿಸಿಕೊಳ್ಳಲು ಹೆಣಗಿದ. ‘ನೆನಪಿಲ್ಲ ಮಾರಾಯ’ ಎಂದ ಕಡೆಗೆ. ‘ಎಷ್ಟೋ ಜನರಿಗೆ ಹೊಡೆದಿದ್ದೇನೆ.’

ಆವತ್ತಿನ ಪೆಟ್ಟಿಗಿಂತ ಇದು ಬೆಂಜಮಿನನಿಗೆ ಹೆಚ್ಚು ನೋಯಿತು.

ಹಾಡು ಓಡುತ್ತಲೇ ಇತ್ತು. ವಿಠಲ ಸ್ಪೀಕರಿನ ಕಡೆ ನೋಡುತ್ತ ಕೂತಿದ್ದವನು ಮೆಲ್ಲಗೆ ಕೇಳಿದ: ‘ನನ್ನ ಮಗನಿಗೆ ಈ ಇಂಗ್ಲಿಷ್ ಅರ್ಥ ಆಗ್ತದಾ?’

ಕಾರ್ಕಳದ ಹುಡುಗರು ಈ ಹಾಡನ್ನು ಬಾಯಿಪಾಠ ಮಾಡಿಕೊಂಡದ್ದು ಬೆಂಜಮಿನನಿಗೆ ಗೊತ್ತಿತ್ತು. ಸುಳ್ಳು ಹೇಳಬಹುದಿತ್ತು. ‘ಆಗ್ತದೆ’ ಎಂದ.

‘ಅವನಿಗೆ ಬೆಲ್ಟಿನಲ್ಲಿ ಹೊಡೆದದ್ದು’ ಎಂದ ವಿಠಲ. ‘ಅದು ನೆನಪುಂಟು.’

ವರ್ಷವಿಡೀ ಈ ಮುಖ ಹೀಗೆ ಇಳಿಯುವುದನ್ನು ಕಾಣಲು ಕಾದಿದ್ದವನಿಗೆ ಈಗ ನೋಡಲಾಗಲಿಲ್ಲ. ಬೆಂಜಮಿನ್ ಗುಂಡಿಗೆ ಕೈ ಹಾಕಿದ. ‘ನಿಲ್ಲಿಸುವುದಾ ಸಾರ್? ಬೇರೆ ಏನಾದರೂ ತುಂಬಿಸಿ ಕೊಡ್ತೇನೆ.’

‘ಬೇಡ. ಪೂರ್ತಿ ಇರಲಿ.’ ವಿಠಲ ಗೋಡೆಗೆ ಒರಗಿ ಕೂತ. ‘ಮುಗಿದ ಮೇಲೆ ಆ ಹಾಡು ಇನ್ನೊಮ್ಮೆ ಹಾಕು. ಒಂದೊಂದೇ ಮಾತು ಬಿಡಿಸಿ ಹೇಳು. ಮಗ ನನಗೆ ಎಂತ ಹೇಳುವುದು ಅಂತ ಗೊತ್ತಾಗಲಿ.’